ಕಲ್ಲಿನೊಡನೆ ಬಂದವರು, ಕಾಳಿನೊಡನೆ ಬಂದವರು

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳು ಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟಿದ್ದಾಳೆ. ಮೀನಿಗಿಂತ ಮೊದಲು ಅದರೊಳಗೆ ಕಲ್ಲು ಹಾಕಬೇಕಂತೆ. ಅಂತಿಂಥ ಕಲ್ಲಲ್ಲ, ‘ಜೀವಂತ ಕಲ್ಲು’. ಸತ್ತ ಹವಳದ ಗೂಡು ಸಮುದ್ರದೊಳಗೆ ಬಿದ್ದು ಬಿದ್ದು ತೂತು ತೂತಾಗಿರುತ್ತದೆ. ಆ ತೂತುಗಳಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಸಂಸಾರ ಹೂಡಿರುತ್ತವೆ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಅವು ಅಷ್ಟೊಂದು ವಿಷವಲ್ಲದ ನೈಟ್ರೇಟ್ ಮಾಡಿ ನೀರನ್ನು ಮೀನು ಬಾಳುವ ಹಾಗೆ ಇಡುತ್ತವೆ. ಕಲ್ಲನ್ನು ರೊಕ್ಕ ಕೊಟ್ಟು ತರುವುದು ಅದಕ್ಕೇ. ಆದರೆ ಕಲ್ಲಿನೊಡನೆ ಇನ್ನೂ ಯಾರು ಯಾರು ಬಂದಿದ್ದಾರೆಂದು ಮಾರಿದವನಿಗೂ ಗೊತ್ತಿರುವುದಿಲ್ಲ, ಕೊಂಡವಳಿಗೂ ಗೊತ್ತಿರುವುದಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಒಬ್ಬೊಬ್ಬರೇ ಹೊರಗೆ ಬರುತ್ತಾರೆ.

ಹೀಗೆ ಬಂದ ಒಂದು ಹುಳುವಿನ ಫೋಟೋ ಕಳಿಸಿ, “ಚಿಗವ್ವಾ, ಇದೇನಂತ ನೋಡು” ಎಂದಳು. “ನಂಗೇನ ತಿಳೀತೈತಿ ತಂಗಿ, ಕಳಸಾಪುರದಾಗ ಉಪ್ಪು ಅಂದ್ರ ಅಡಿಗಿ ಮನ್ಯಾಗಿಂದಷ್ಟ” ಎಂದೆ. ಆಮೇಲೆ ಅವಳೇ ಹುಡುಕಿ ತಿಳಿದುಕೊಂಡು ನನಗೂ ಹೇಳಿದಳು. ಮೈತುಂಬ ಬಿರುಗೂದಲಿನ ಆ ಹುಳು ನೋಡಲು ಅಸಹ್ಯ, ಬರಿಗೈಲಿ ಮುಟ್ಟಿದರೆ ಕಳ್ಳಿಯ ಸಣ್ಣ ಮುಳ್ಳಿನಂತೆ ಚುಚ್ಚುತ್ತದೆ. ಆದರೆ ಬಹಳ ಮಟ್ಟಿಗೆ ನಿರುಪದ್ರವಿ. ಮೀನು ತಿಂದುಳಿದ ಎಂಜಲನ್ನು ತಿಂದು ತೊಟ್ಟಿಯನ್ನು ಸ್ವಚ್ಛ ಇಡುವ ಜೀವಿ. ಅದರ ಪಕ್ಕದಲ್ಲೇ ಹೂವಿನಂತೆ ಅರಳಿ ನಿಂತ ಚಂದದ್ದೊಂದು ಇತ್ತಲ್ಲ, ಐಪ್ಟೇಸಿಯಾ, ಅದು ನಿಜವಾದ ಕಾಟ. ಕುಟುಕುತ್ತದೆ, ಹಬ್ಬುತ್ತದೆ, ಸಿಟ್ಟಿನಿಂದ ಚಿವುಟಿದರೆ ಚಿವುಟಿದ ಚೂರು ಚೂರೂ ಹೊಸದಾಗಿ ಬೆಳೆಯುತ್ತದೆ. ಹಾಗಾಗಿ ತೊಟ್ಟಿ ಇಟ್ಟವರ ನಿಯಮವೊಂದಿದೆಯಂತೆ: ಯಾರೆಂದು ಗುರುತು ಹಿಡಿಯುವವರೆಗೆ ಕೊಲ್ಲಬೇಡಿ. (ನಮ್ಮಲ್ಲಿ ಈ ಹವ್ಯಾಸಕ್ಕೆ ಸಮುದ್ರದಿಂದ ಹವಳದ ಕಲ್ಲು ಕಿತ್ತು ತರುವ ಹಾಗಿಲ್ಲ. 2001ರಿಂದ ಹವಳ ವನ್ಯಜೀವಿ ಕಾಯಿದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಇದೆ.)

ಸಮುದ್ರದ ಅತಿಥಿಗಳ ವಿಷಯದಲ್ಲಿ ನಾನು ದಡ್ಡಿ, ಸರಿ. ಆದರೆ ನೆಲದ ಮೇಲೆ ಹೀಗೆ ಬಂದವರ ವಿಷಯದಲ್ಲಿ ನಮ್ಮ ಕಡೆಯ ಹೆಂಗಸರು ಯಾರಿಗೂ ಕಡಿಮೆಯಿಲ್ಲ. ಮನೆಯೊಳಗಿನ ಧೂಳು, ಹೊಲದೊಳಗಿನ ಬೇಡದ ಗಿಡ, ಎರಡಕ್ಕೂ ಗದಗ ಸೀಮೆಯಲ್ಲಿ ಒಂದೇ ಮಾತು: ಕಸ. ಎರಡನ್ನೂ ತೆಗೆಯುವವರು ಒಬ್ಬರೇ ಆದ್ದರಿಂದ ಎರಡು ಮಾತಿನ ಅಗತ್ಯ ಬೀಳಲಿಲ್ಲವೆಂದು ತೋರುತ್ತದೆ. ಹೆಸರು, ಶೇಂಗಾ, ಜೋಳ, ಯಾವ ಬೆಳೆಯೇ ಇರಲಿ, ಎಡೆ ಹೊಡೆಯುವುದು ಗಂಡಸು, ಸಾಲಿನೊಳಗೆ ಕುಕ್ಕರಗಾಲಲ್ಲಿ ಕೂತು ಕುರ್ಪಿಯಿಂದ ಕಸ ತೆಗೆಯುವುದು ಹೆಂಗಸು. ಯಾವುದು ಬೆಳೆ, ಯಾವುದು ಕಸ, ಯಾವ ಕಸ ಪಲ್ಯಕ್ಕೆ ಬರುತ್ತದೆ, ಯಾವುದನ್ನು ಎಮ್ಮೆಗೆ ಹಾಕಬಹುದು, ಇಷ್ಟನ್ನೂ ಎರಡೆಲೆ ಮೂಡಿದಾಗಲೇ ಹೇಳುವವರು ಅವರು. ನಮ್ಮ ದೊಡ್ಡವ್ವ ಅಂಥವಳು. ಅವಳಿಗೆ ಗುರುತು ಹತ್ತದ ಗಿಡವೊಂದು ಎಪ್ಪತ್ತರ ದಶಕದಲ್ಲಿ ಬದುವಿನ ಮೇಲೆ ಬಂತು. “ಗಜ್ಜರಿ ತೊಪ್ಪಲದಂಗ ಐತಿ, ಗಜ್ಜರಿ ಅಲ್ಲ. ದನ ಮೂಸಿ ನೋಡಿ ಬಿಡತಾವ” ಎನ್ನುತ್ತಿದ್ದಳು. ಉತ್ತರ ಹಿಂದೂಸ್ತಾನದವರೂ ಅದನ್ನು ಗಜ್ಜರಿ ಹುಲ್ಲೆಂದೇ ಕರೆದರೆಂದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ನಮ್ಮಲ್ಲಿ ನಿಂತ ಹೆಸರು ಬೇರೆ: ಕಾಂಗ್ರೆಸ್ ಕಸ.

ಈ ಹೆಸರಿಗೆ ಎರಡು ಕಾರಣ ಹೇಳುತ್ತಾರೆ. ಬಿಳಿಯ ಪುಟ್ಟ ಹೂಗಳು ಗಾಂಧಿ ಟೋಪಿಯಂತೆ ಕಾಣುತ್ತವೆ ಎಂಬುದು ಒಂದು. ಕಾಂಗ್ರೆಸ್ ಸರಕಾರ ಅಮೆರಿಕದಿಂದ ತರಿಸಿದ ಗೋಧಿಯೊಳಗೆ ಸೇರಿ ಬಂತು ಎಂಬುದು ಇನ್ನೊಂದು. ಪಿ.ಎಲ್. 480 ಗೋಧಿ ಎಂದರೆ ನನ್ನ ವಯಸ್ಸಿನವರಿಗೆ ತಟ್ಟನೆ ನೆನಪಾಗುತ್ತದೆ. 1966ರ ಬರದ ವರ್ಷದಲ್ಲಿ ಹೊರದೇಶಗಳಿಂದ ಸುಮಾರು ಒಂದು ಕೋಟಿ ಟನ್ ಧಾನ್ಯ ಬಂದಿತ್ತು, ಹೆಚ್ಚಿನದು ಅಮೆರಿಕದ್ದು. ರೇಶನ್ನಿನ ಆ ಗೋಧಿಯನ್ನು ಮೊರದಲ್ಲಿ ಹಾಕಿ ಹಸನು ಮಾಡುವಾಗ ಹರಳು, ಕಡ್ಡಿ, ಹೆಸರೇ ಗೊತ್ತಿಲ್ಲದ ಕಾಳು ಎಲ್ಲ ತಿಪ್ಪೆಗೆ ಹೋಗುತ್ತಿದ್ದವು. ಅಲ್ಲಿಂದಲೇ ಈ ಗಿಡ ಎದ್ದಿತೆಂದರೆ ಯಾರಾದರೂ ನಂಬುವ ಮಾತೇ.

ಆದರೆ ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಲೆಕ್ಕ ತಪ್ಪುತ್ತದೆ. ಪಾರ್ಥೇನಿಯಂ ಪುಣೆಯ ತಿಪ್ಪೆಗಳ ಮೇಲೆ ಕಣ್ಣಿಗೆ ಬಿದ್ದದ್ದು 1955ರಲ್ಲಿ. ಸಸ್ಯವಿಜ್ಞಾನಿ ಆರ್. ಎಸ್. ರಾವ್ ಅವರು ಅದನ್ನು ಗುರುತಿಸಿ, ಭಾರತಕ್ಕೆ ಹೊಸದೆಂದು 1956ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಪಿ.ಎಲ್. 480 ಕಾಯಿದೆ ಅಮೆರಿಕದಲ್ಲಿ ಆದದ್ದು 1954ರಲ್ಲಿ. ಅದರಡಿ ಭಾರತದೊಡನೆ ಒಪ್ಪಂದಕ್ಕೆ ಸಹಿ ಬಿದ್ದದ್ದು 1956ರ ಆಗಸ್ಟಿನಲ್ಲಿ. ಎಂದರೆ ಗಾಡಿ ಬರುವ ಮೊದಲೇ ಪ್ರಯಾಣಿಕ ಇಳಿದಿದ್ದ! 1951ರಲ್ಲಿ ಸಾಲವಾಗಿ ಬಂದ ಅಮೆರಿಕದ ಗೋಧಿಯ ಮೇಲೆ ಅನುಮಾನ ಪಡಬಹುದೇನೋ. ಅದಕ್ಕೂ ಒಂದು ತೊಡಕಿದೆ. 1978ರಲ್ಲಿ ಸಸ್ಯವಿಜ್ಞಾನಿಗಳು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಹಳೆಯ ಒಣಗಿಡಗಳ ಸಂಗ್ರಹ ತೆಗೆದು ನೋಡಿದಾಗ ಅಲ್ಲಿ ಇದೇ ಗಿಡದ ಮಾದರಿ ಸಿಕ್ಕಿತು. ಇಟ್ಟವರು ದೇಶದ ಮೊದಲ ಅರಣ್ಯ ಮಹಾನಿರೀಕ್ಷಕ ಡೀಟ್ರಿಚ್ ಬ್ರಾಂಡಿಸ್, ವರ್ಷ 1880. ಮುಕ್ಕಾಲು ಶತಮಾನ ಅದು ಕಾಗದಕ್ಕೆ ಅಂಟಿಕೊಂಡು ಕಪಾಟಿನೊಳಗೆ ಕೂತಿತ್ತು. ಆಮೇಲೆ ಹಡಗು ಹಡಗಾಗಿ ಬಂದ ಗೋಧಿಯೊಳಗೆ ಹೊಸ ಬೀಜ ಬರಲೇ ಇಲ್ಲವೆಂದು ಹೇಳಲು ನಾನು ಹೊರಟಿಲ್ಲ. ಆದರೆ ಊರೂರಿನ ಕಟ್ಟೆಯ ಮೇಲೆ ತೀರ್ಪು ಕೊಟ್ಟಷ್ಟು ಸುಲಭದ ಖಟ್ಲೆ ಇದಲ್ಲ.

ಅದಕ್ಕೆ ಶಾಸ್ತ್ರದ ಹೆಸರಿಟ್ಟವರು ಲಿನೇಯಸ್, 1753ರಲ್ಲಿ. ಪಾರ್ಥೇನಿಯಂ ಎಂದರೆ ಗ್ರೀಕಿನಲ್ಲಿ ಕನ್ಯೆಗೆ ಸಂಬಂಧಪಟ್ಟದ್ದು. ಹಿಸ್ಟೆರೊಫೋರಸ್ ಎಂದರೆ ಗರ್ಭ ಹೊತ್ತದ್ದು. ಒಂದೇ ಹೆಸರಿನಲ್ಲಿ ಕನ್ಯೆಯನ್ನೂ ಬಸುರಿಯನ್ನೂ ಕೂಡಿಸಿದ ಮಹಾಶಯರಿಗೆ ಏನನ್ನಬೇಕೋ! ಎರಡನೆಯ ಮಾತಂತೂ ಸುಳ್ಳಲ್ಲ. ಒಂದು ಗಿಡ ಹದಿನೈದು ಸಾವಿರ, ಕೆಲವೊಮ್ಮೆ ಇಪ್ಪತ್ತೈದು ಸಾವಿರದವರೆಗೆ ಬೀಜ ಕೊಡುತ್ತದೆ. ಬೀಜ ರೈಲಿನಲ್ಲಿ, ಲಾರಿಯಲ್ಲಿ, ಗಾಲಿಗೆ ಮೆತ್ತಿದ ರಾಡಿಯಲ್ಲಿ, ಮನೆ ಕಟ್ಟಲು ತಂದ ಉಸುಕಿನಲ್ಲಿ ಊರಿಂದೂರಿಗೆ ಹೋಯಿತು.

ದೊಡ್ಡವ್ವನಿಗೆ ಮೊದಲು ಬೆರಳ ಸಂದಿಯಲ್ಲಿ ತುರಿಕೆ ಬಂತು. ಆಮೇಲೆ ಮೊಣಕೈ ಮಡಿಕೆ, ಕುತ್ತಿಗೆ, ಕಣ್ಣಿನ ರೆಪ್ಪೆ. ರೆಪ್ಪೆ ಬಾತು ಬೆಳಿಗ್ಗೆ ಕಣ್ಣು ತೆರೆಯಲು ಬಾರದ ದಿನಗಳಿದ್ದವು. ದವಾಖಾನೆಯಲ್ಲಿ ಕಜ್ಜಿ ಎಂದು ಮುಲಾಮು ಕೊಟ್ಟರು; ಮನೆಯ ಪಾತ್ರೆ ಅರಿವೆಗಳನ್ನೆಲ್ಲ ಬೇರೆ ಇಡಲು ಹೇಳಿದರು. ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ಹಾಗಿಲ್ಲವಾಯಿತು. ಬೇವಿನ ತಪ್ಪಲು, ಅರಿಷಿಣ, ಹರಕೆ, ಎಲ್ಲ ಆದವು. ಮಳೆಗಾಲದಲ್ಲಿ ಹೆಚ್ಚು, ಹೊಲಕ್ಕೆ ಹೋಗದ ಬೇಸಿಗೆಯಲ್ಲಿ ಕಡಿಮೆ. “ಇದು ಆ ಕಸದ ಕಾಟನ” ಎಂದು ಅವಳು ಯಾರನ್ನೂ ಕೇಳದೆ ತೀರ್ಮಾನ ಮಾಡಿದಳು. ಪುಣೆಯ ಕಡೆ ಇದೇ ಬೇನೆ ಕಂಡವರ ವಿಷಯ 1974ರ ಹೊತ್ತಿಗೆ ವೈದ್ಯರ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಎಲೆ ಕಾಂಡ ಹೂಗಳಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಚರ್ಮಕ್ಕೆ ಒಗ್ಗುವುದಿಲ್ಲ, ಒಣಗಿದ ಪುಡಿ ಗಾಳಿಯಲ್ಲಿ ಬಂದರೂ ಸಾಕು. ಇದು ಅಂಟುರೋಗವೇ ಅಲ್ಲ. ಹಸಿದ ದನ ಬೇರೆ ಮೇವಿಲ್ಲದೆ ಅದನ್ನೇ ತಿಂದರೆ ಹಾಲೂ ಕಹಿಯಾಗುತ್ತದೆ. 1975ರಲ್ಲಿ ಕರ್ನಾಟಕ ಸರಕಾರ ಕೃಷಿ ಪೀಡೆಗಳ ಕಾಯಿದೆಯಡಿ ಇದನ್ನು ಹಾನಿಕಾರಕ ಕಳೆಯೆಂದು ಸಾರಿತು. ಕಾಗದದ ಮೇಲೆ ಕಳೆ ನಾಶ ಮಾಡುವ ಹೊಣೆ ಜಮೀನಿನವರದು. ಹೊಲದಲ್ಲಿ ಅದನ್ನು ಬರಿಗೈಯಿಂದ ಕಿತ್ತವರು ದಿನಗೂಲಿಯ ಹೆಂಗಸರು. ಪುಣೆಯಲ್ಲಿ ಅಚ್ಚಾದದ್ದು ಗದಗಿನ ಮಗ್ಗುಲ ಊರಿಗೆ ತಲುಪುವಷ್ಟರಲ್ಲಿ ದೊಡ್ಡವ್ವನ ಆರೇಳು ಮಳೆಗಾಲ ಕಳೆದಿದ್ದವು.

ಗುರುತು ಹಿಡಿಯುವ ಕೆಲಸ ಅಡಿಗೆ ಮನೆಯೊಳಗೂ ಇದೆ. ಹಳದಿ ಹೂವಿನ ಮುಳ್ಳಿನ ದತ್ತೂರಿಯನ್ನು ನೀವು ರಸ್ತೆಯ ಬದಿಗೆ ನೋಡಿಯೇ ಇರುತ್ತೀರಿ. ಅದೂ ಮೆಕ್ಸಿಕೋ ಕಡೆಯಿಂದ ಬಂದದ್ದೇ, ಕಾಂಗ್ರೆಸ್ ಕಸಕ್ಕಿಂತ ಬಹಳ ಹಿಂದೆ. ಅದರ ಬೀಜ ಸಾಸಿವೆಯೊಳಗೆ ಬೆರೆತರೆ ಒಮ್ಮೆಲೇ ಕಾಣುವುದಿಲ್ಲ. 1998ರಲ್ಲಿ ದಿಲ್ಲಿಯಲ್ಲಿ ಹೀಗೆ ಕಲಬೆರಕೆಯಾದ ಸಾಸಿವೆ ಎಣ್ಣೆ ತಿಂದು ಮೈ ಬಾತು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಸಾಸಿವೆಯ ಮೈ ನುಣುಪು, ಒತ್ತಿ ಒಡೆದರೆ ಒಳಗೆ ಹಳದಿ. ದತ್ತೂರಿ ಬೀಜದ ಮೈ ಒರಟು, ಒಳಗೆ ಬಿಳಿ. ಎರಡು ಉಗುರಿನ ನಡುವೆ ಮಾಡುವ ಪರೀಕ್ಷೆ.

ಗುರುತು ತಪ್ಪಿದ್ದರಿಂದ ಒಳ್ಳೆಯದಾದದ್ದೂ ಒಮ್ಮೆ ಉಂಟು. ನಾವು ಸಣ್ಣವರಿದ್ದಾಗ ಬೇಲಿಯ ಪಾಪಾಸುಕಳ್ಳಿಯ ಮೇಲೆ ಬಿಳಿ ಅರಳೆಯಂಥದ್ದು ಅಂಟಿರುತ್ತಿತ್ತು. ಕಡ್ಡಿಯಿಂದ ಒತ್ತಿದರೆ ಕುಂಕುಮದಂಥ ರಸ. ಅದು ಅರಳೆಯಲ್ಲ, ಹುಳು. ಆ ಜಾತಿಯ ಹುಳುವಿನಿಂದ ಮೆಕ್ಸಿಕೋದಲ್ಲಿ ಬೆಲೆಬಾಳುವ ಕೆಂಪು ಬಣ್ಣ ತೆಗೆಯುತ್ತಿದ್ದರು, ವ್ಯಾಪಾರವೆಲ್ಲ ಸ್ಪೇನಿನವರ ಮುಷ್ಟಿಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಗೆ ಅದರ ಮೇಲೆ ಕಣ್ಣು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬವನು ಬ್ರೆಜಿಲ್‌ನಿಂದ ಹುಳುಗಳನ್ನು ಕಲ್ಕತ್ತೆಗೆ ತಂದ. ತಂದದ್ದು ಅಸಲಿಯಲ್ಲ, ಅದರ ಕಾಡು ದಾಯಾದಿ, ಬಣ್ಣ ಕಳಪೆ. ಆದರೆ ಅದು ಒಂದು ಜಾತಿಯ ಪಾಪಾಸುಕಳ್ಳಿಯನ್ನು ಹೊಟ್ಟೆತುಂಬ ತಿಂದಿತು. ಬಣ್ಣಕ್ಕೆಂದು ಬಂದ ಹುಳುವನ್ನು 1830ರ ದಶಕದಲ್ಲಿ ಕಳ್ಳಿಯ ನಾಶಕ್ಕೆಂದೇ ದಕ್ಷಿಣಕ್ಕೆ ತಂದರು. ಇನ್ನೊಂದು ಜಾತಿಯ ಕಳ್ಳಿಯನ್ನು ಅದು ಮುಟ್ಟಲಿಲ್ಲ. ಅದಕ್ಕೆ ಬೇರೆ ಹುಳು ಬೇಕಾಯಿತು, ಅದು 1926ರಲ್ಲಿ ಸಿಂಹಳದಿಂದ ಬಂತು.

ಕಾಂಗ್ರೆಸ್ ಕಸಕ್ಕೂ ಇಂಥದೇ ಉಪಾಯ ಹುಡುಕಿದರು. ಧಾರವಾಡದ ಸುತ್ತ ಕ್ಯಾಸಿಯಾ ಸೆರಿಸಿಯಾ ಎಂಬ ತಗಚೆಯ ಜಾತಿಯ ಗಿಡ ಇದನ್ನು ಒತ್ತಿ ಹಾಕುವುದು ಕಂಡಿತ್ತು, ಅದೂ ಅಮೆರಿಕ ಖಂಡದ್ದೇ! 1983ರಲ್ಲಿ ಮೆಕ್ಸಿಕೋದಿಂದ ಒಂದು ದುಂಬಿಯನ್ನು ಬೆಂಗಳೂರಿಗೆ ತಂದು, ಬೇರೆ ಬೆಳೆ ತಿನ್ನುವುದೇ ಎಂದು ಪರೀಕ್ಷಿಸಿ 1984ರಲ್ಲಿ ಬಯಲಿಗೆ ಬಿಟ್ಟರು. ಜೈಗೋಗ್ರಾಮಾ ಎಂದು ಹೆಸರು. ಕಾಳುಮೆಣಸಿಗಿಂತ ತುಸು ದೊಡ್ಡದು, ಬಿಳಿ ಹಳದಿ ಬೆನ್ನಿನ ಮೇಲೆ ಕಂದು ಗೆರೆ. ಬೇಸಿಗೆಯಲ್ಲಿ ಮಣ್ಣೊಳಗೆ ನಿದ್ದೆ ಹೋಗಿ ಮುಂಗಾರು ಮಳೆ ಬಿದ್ದ ಕೂಡಲೆ ಮೇಲೆ ಬರುತ್ತದೆ.

1991ರ ಸುಮಾರಿಗೆ ಕೋಲಾರದ ಕಡೆ ಗದ್ದಲವೆದ್ದಿತು. ದುಂಬಿ ಸೂರ್ಯಕಾಂತಿಯ ಎಲೆ ತಿನ್ನುತ್ತಿದೆ! ಸೂರ್ಯಪಾನ ಬೆಳೆಯುವ ನಮ್ಮ ಸೀಮೆಯವರಿಗೂ ಎದೆ ಧಸಕ್ಕೆನ್ನುವ ಸುದ್ದಿ ಅದು. ವಿಚಾರಣಾ ಸಮಿತಿಯಾಯಿತು, ದುಂಬಿ ಬಿಡುವುದು ನಿಂತಿತು. ದುಂಬಿಯನ್ನು ತರಿಸಿ ಪರೀಕ್ಷಿಸಿದ್ದ ಕೆ. ಪಿ. ಜಯಂತ್ ಮತ್ತು ಜೊತೆಗಾರರು ಮತ್ತೆ ಕೂತು ನೋಡಿದರು. ಎಲೆ ತಿಂದದ್ದು ನಿಜವೇ. ಆದರೆ ಆ ಎಲೆಗಳ ಮೇಲೆ ಪಕ್ಕದ ಬದುವಿನಿಂದ ಹಾರಿಬಂದ ಕಾಂಗ್ರೆಸ್ ಕಸದ ಪರಾಗ ಉದುರಿತ್ತು. ಆ ವಾಸನೆ ರುಚಿಗೆ ಮೋಸಹೋಗಿ ದುಂಬಿ ಸೂರ್ಯಕಾಂತಿಗೆ ಬಾಯಿ ಹಾಕಿತ್ತು. ಹೊಲದ ಸುತ್ತಲಿನ ಕಸ ಹೂ ಬಿಡುವ ಮೊದಲೇ ಕಿತ್ತರೆ ಆ ತಂಟೆಯೂ ಇರುವುದಿಲ್ಲ. ಈಗ ನಮ್ಮ ಕಡೆ ಕೆಲವರು ಅದನ್ನು ಕೀಳುವಾಗ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳುತ್ತಾರೆ, ಮಳೆ ಬಿದ್ದು ನೆಲ ಹಸಿಯಿದ್ದಾಗ ಬುಡಸಮೇತ ಎಳೆಯುತ್ತಾರೆ, ಎಲೆಯ ಮೇಲೆ ಗೆರೆಬೆನ್ನಿನ ದುಂಬಿ ಕಂಡರೆ ಆ ಗಿಡವನ್ನು ಹಾಗೇ ಬಿಟ್ಟು ಮುಂದಿನ ಸಾಲಿಗೆ ಹೋಗುತ್ತಾರೆ.