ಗೆದ್ದ ಕವಿ, ಸೋತ ಕಾದಂಬರಿಕಾರ: ನಮ್ಮ ಕೆನರಾ ಕ್ಷೇತ್ರದ ಕಥೆ

ನಮ್ಮ ಲೋಕಸಭಾ ಕ್ಷೇತ್ರದ ಇತಿಹಾಸವನ್ನು ಗೆದ್ದವರ ಪಟ್ಟಿಯ ಮೂಲಕ ಓದಹೊರಟವರಿಗೆ ದೊರೆಯುವುದು ಬಹಳ ಸರಳವಾದ ಕಥೆ. 1952ರಿಂದ 1991ರ ವರೆಗೆ ಒಂದೇ ಒಂದು ಸಲ ಬಿಟ್ಟು ಉಳಿದೆಲ್ಲ ಸಲ ಕಾಂಗ್ರೆಸ್ಸು. 1996ರಿಂದ 2024ರ ವರೆಗೆ ಒಂದೇ ಒಂದು ಸಲ ಬಿಟ್ಟು ಉಳಿದೆಲ್ಲ ಸಲ ಭಾರತೀಯ ಜನತಾ ಪಕ್ಷ. ಮೊದಲನೆಯ ಅಪವಾದ 1967, ಎರಡನೆಯದು 1999. ಇವೆರಡಲ್ಲದೆ ಗೆದ್ದವರ ಪಟ್ಟಿಯಲ್ಲಿ ಕಾಣಿಸದ ಇನ್ನೊಂದು ವರ್ಷವೂ ಉಂಟು, 1989. ಆ ವರ್ಷ ಸೋತವರ ಹೆಸರು ಗೆದ್ದವರ ಹೆಸರಿಗಿಂತ ಹೆಚ್ಚು ಜನರ ನೆನಪಿನಲ್ಲಿ ಉಳಿದಿದೆ. ಈ ಲೇಖನದಲ್ಲಿ ನಾನು ಮುಖ್ಯವಾಗಿ ಬರೆಯಬೇಕೆಂದಿರುವುದು 1967 ಮತ್ತು 1989ರ ವಿಷಯ.

ಕ್ಷೇತ್ರದ ಹೆಸರನ್ನು ಕುರಿತು ಮೊದಲು ಒಂದೆರಡು ಮಾತು. 2008ರ ಪುನರ್ವಿಂಗಡಣೆಯ ವರೆಗೂ ಇದಕ್ಕೆ 'ಕೆನರಾ' ಎಂಬ ಹೆಸರೇ ಇತ್ತು. ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕೆನರಾ ಜಿಲ್ಲೆಯನ್ನು ಎರಡಾಗಿ ಒಡೆದು ಉತ್ತರ ಭಾಗವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಕೊಟ್ಟರು. ಬಯಲುಸೀಮೆಯ ಹತ್ತಿಯನ್ನು ಹಡಗಿಗೇರಿಸಲು ಕಾರವಾರದ ಬಂದರು ಮುಂಬಯಿಯ ವ್ಯಾಪಾರಿಗಳಿಗೆ ಬೇಕಾಗಿತ್ತೆಂಬುದೇ ಅದರ ಹಿಂದಿನ ಒತ್ತಾಸೆ. ಅಂದಿನಿಂದ ಸುಮಾರು ನೂರು ವರ್ಷ ನಮ್ಮವರ ಉದ್ಯೋಗ, ಉಚ್ಚ ಶಿಕ್ಷಣ, ಆಸ್ಪತ್ರೆ, ಕೋರ್ಟು ಎಲ್ಲವೂ ಮುಂಬಯಿಯತ್ತ ಮುಖ ಮಾಡಿದ್ದವು. ರಾಜಕೀಯವೂ ಅದೇ ದಿಕ್ಕಿಗಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ನಮ್ಮ ಮೊದಲ ಇಬ್ಬರು ಸಂಸದರೂ ಮುಂಬಯಿಯಲ್ಲಿ ನೆಲೆಸಿದ್ದವರೇ.

ಕಾರವಾರ ಮತ್ತು ಅಂಕೋಲೆ ನೆರೆಹೊರೆಯ ತಾಲೂಕುಗಳಾದರೂ ಅವುಗಳ ಸ್ವಭಾವ ಒಂದಲ್ಲ. ಕಾರವಾರ ಜಿಲ್ಲಾ ಕೇಂದ್ರ, ಕಚೇರಿಗಳ ಊರು, ಕೊಂಕಣಿಯೇ ಮನೆಮಾತಾಗಿರುವ ಸೀಮೆ. ಅಂಕೋಲೆಯದು ಗದ್ದೆ, ಗಜನಿ, ಉಪ್ಪಿನಾಗರಗಳ ಬದುಕು. ನಾಡವರು, ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು, ಮೀನುಗಾರರು ಇಲ್ಲಿಯ ಜನ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾಯದೆ ಮುರಿದರು. ಅದರ ಬೆನ್ನಲ್ಲೇ ನಡೆದ ಕರನಿರಾಕರಣೆಯಲ್ಲಿ ಇಲ್ಲಿಯ ರೈತರು ಜಮೀನು, ದನಕರು, ಪಾತ್ರೆಪಗಡಿಗಳನ್ನು ಕಳೆದುಕೊಂಡರು. 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಈ ತಾಲೂಕಿಗೆ ಪುಕ್ಕಟೆಯಾಗಿ ಬಂದುದಲ್ಲ. ಇಂಥ ಸೀಮೆ ಸ್ವಾತಂತ್ರ್ಯಾನಂತರ ಕಾಂಗ್ರೆಸ್ಸಿಗೆ ಮತ ಕೊಟ್ಟುದರಲ್ಲಿ ಆಶ್ಚರ್ಯವಿಲ್ಲ.

1952, 1957, 1962ರ ಮೂರು ಚುನಾವಣೆಗಳಲ್ಲಿಯೂ ಗೆದ್ದವರು ಜೋಕಿಮ್ ಆಳ್ವ. ಉಡುಪಿಯ ಕಡೆಯವರು, ಮುಂಬಯಿಯಲ್ಲಿ ಪತ್ರಕರ್ತರಾಗಿ ಹೆಸರು ಮಾಡಿದವರು, 'ಫೋರಂ' ಎಂಬ ಇಂಗ್ಲಿಷ್ ವಾರಪತ್ರಿಕೆಯ ಸಂಪಾದಕರು, ಸೆರೆಮನೆ ಕಂಡವರು. ಅವರ ಪತ್ನಿ ವಯಲೆಟ್ ಆಳ್ವ 1962ರಿಂದ ರಾಜ್ಯಸಭೆಯ ಉಪಸಭಾಪತಿಯಾಗಿದ್ದರು. ಜಿಲ್ಲೆಯ ಹೊರಗಿನ, ಇಲ್ಲಿ ಅತಿ ಸಣ್ಣ ಸಂಖ್ಯೆಯಲ್ಲಿರುವ ಸಮಾಜಕ್ಕೆ ಸೇರಿದ ವ್ಯಕ್ತಿಯನ್ನು ನಮ್ಮ ಜನ ಮೂರು ಸಲ ಆರಿಸಿ ಕಳುಹಿಸಿದರೆಂಬುದನ್ನು ಈಗಿನ ತರುಣರಿಗೆ ಹೇಳಿದರೆ ನಂಬುವುದಿಲ್ಲ. ಜಾತಿಯ ಲೆಕ್ಕವಿಲ್ಲದೆ ಚುನಾವಣೆಯೇ ಇಲ್ಲವೆಂದು ಅವರು ಭಾವಿಸಿದ್ದಾರೆ.

1967ರಲ್ಲಿ ಈ ಪರಂಪರೆಯನ್ನು ಮುರಿದವರು ದಿನಕರ ದೇಸಾಯಿ. ಪಕ್ಷವಿಲ್ಲ, ಸ್ವತಂತ್ರ ಅಭ್ಯರ್ಥಿ. ಕನ್ನಡ ನಾಡಿಗೆ ಅವರು ಚುಟುಕಗಳ ಕವಿ. ನಾಲ್ಕು ಸಾಲಿನಲ್ಲಿ ನಗಿಸಿ, ನಾಲ್ಕನೆಯ ಸಾಲಿನ ಕೊನೆಯಲ್ಲಿ ಚುಚ್ಚುವ ಕಲೆ ಅವರದು. ಆದರೆ ಅಂಕೋಲೆಯ ಗೇಣಿದಾರ ಅವರಿಗೆ ಮತ ಕೊಟ್ಟದ್ದು ಚುಟುಕ ಓದಿಕೊಂಡಲ್ಲ. ಅನೇಕರಿಗೆ ಓದಲೇ ಬರುತ್ತಿರಲಿಲ್ಲ.

ಅವರು ಹುಟ್ಟಿದ್ದು 1909ರಲ್ಲಿ, ಅಂಕೋಲೆಯ ಪಕ್ಕದ ಅಲಗೇರಿಯಲ್ಲಿ. ಎಂ.ಎ., ಎಲ್‌ಎಲ್.ಬಿ. ಮಾಡಿ ಮುಂಬಯಿಯಲ್ಲಿ ವಕೀಲಿಗೆ ಕುಳಿತಿದ್ದರೆ ಸುಖವಾಗಿರಬಹುದಿತ್ತು. ಅವರು ಸೇರಿದ್ದು ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜವನ್ನು. ಅಲ್ಲಿ ಎನ್. ಎಂ. ಜೋಶಿಯವರ ಸಹವಾಸದಲ್ಲಿ ಹಡಗಿನ ಕೂಲಿಕಾರರ ಸಂಘಟನೆಗೆ ದುಡಿದರು. ಅದೇ ಕಾಲದಲ್ಲಿ ಜಿಲ್ಲೆಗೆ ಬಂದು ಗೇಣಿದಾರರನ್ನು ಸಂಘಟಿಸತೊಡಗಿದರು. ಆಗಿನ ಗೇಣಿಯ ಸ್ಥಿತಿಯನ್ನು ನನ್ನ ಅಜ್ಜನಿಂದ ಕೇಳಿದ್ದೇನೆ. ಚಾಲಗೇಣಿಯ ಒಕ್ಕಲಿಗೆ ಮುಂದಿನ ವರ್ಷ ಅದೇ ಗದ್ದೆ ದೊರೆಯುವ ಭರವಸೆ ಇರಲಿಲ್ಲ. ಬೆಳೆ ಬರಲಿ ಬಿಡಲಿ, ಗೇಣಿಯ ಭತ್ತ ಧಣಿಯ ಅಂಗಳಕ್ಕೆ ಹೋಗಲೇಬೇಕು. ಮದುವೆ ಮುಂಜಿಗೆ ಬಿಟ್ಟಿ ದುಡಿಮೆ ಬೇರೆ. ಇದರ ವಿರುದ್ಧ ರೈತಕೂಟ ಎದ್ದು ನಿಂತಾಗ ಸರಕಾರ ದೇಸಾಯಿಯವರನ್ನು 1940ರಲ್ಲಿ ಜಿಲ್ಲೆಯಿಂದ ಗಡಿಪಾರು ಮಾಡಿತು. ಐದು ವರ್ಷ ಅವರು ಹುಟ್ಟಿದ ಊರಿಗೆ ಕಾಲಿಡುವಂತಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಉಪ್ಪಿನ ಸತ್ಯಾಗ್ರಹದ ಅಂಕೋಲೆ ಮತ್ತು ರೈತಕೂಟದ ಅಂಕೋಲೆ ಪೂರ್ತಿಯಾಗಿ ಒಂದೇ ಅಲ್ಲ. ಮೊದಲನೆಯದರಲ್ಲಿ ಭೂಮಿಯುಳ್ಳವರೂ ಇಲ್ಲದವರೂ ಪರಕೀಯರ ವಿರುದ್ಧ ಕೂಡಿ ನಿಂತಿದ್ದರು. ಎರಡನೆಯದರಲ್ಲಿ ಎದುರಾಳಿ ಊರೊಳಗೇ ಇದ್ದ, ಕೆಲವೊಮ್ಮೆ ಖಾದಿಯನ್ನೂ ಉಟ್ಟಿದ್ದ. ಕಾಂಗ್ರೆಸ್ಸಿನ ಮತಗಳಲ್ಲಿ ಬಿರುಕು ಬಿದ್ದುದು 1967ರಲ್ಲಿ ಎಂದು ಜನ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಬಿದ್ದುದು 1940ರಲ್ಲಿಯೇ. ಮತಪೆಟ್ಟಿಗೆಯಲ್ಲಿ ಕಾಣಿಸಿಕೊಳ್ಳಲು ಇಪ್ಪತ್ತೇಳು ವರ್ಷ ಬೇಕಾಯಿತು.

ಆ ಇಪ್ಪತ್ತೇಳು ವರ್ಷಗಳಲ್ಲಿ ದೇಸಾಯಿಯವರು ಮಾಡಿದ್ದು ಶಾಲೆ ಕಟ್ಟುವ ಕೆಲಸ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪನೆಯಾಯಿತು. ಹೈಸ್ಕೂಲಿಗಾಗಿ ಹತ್ತಾರು ಮೈಲಿ ನಡೆಯಬೇಕಾಗಿದ್ದ ಹಳ್ಳಿಗಳಿಗೆ ಶಾಲೆ ಬಂತು. ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದ 1966ರಲ್ಲಿ ಅಂಕೋಲೆಗೆ ಗೋಖಲೆ ಸೆಂಟಿನರಿ ಕಾಲೇಜು ಬಂತು. 'ಜನಸೇವಕ' ವಾರಪತ್ರಿಕೆಯನ್ನು ನಡೆಸಿ ರಸ್ತೆ, ಸೇತುವೆ, ಗೇಣಿ, ಲಂಚ ಎಲ್ಲವನ್ನೂ ಬರೆದರು. ಕಾಲೇಜು ತೆರೆದ ಮರುವರ್ಷವೇ ಚುನಾವಣೆ. ನನಗೆ ಆಗ ಹತ್ತೊಂಬತ್ತು ವರ್ಷ. ಮತದಾನದ ವಯಸ್ಸು ಇಪ್ಪತ್ತೊಂದು. ಮತವಿಲ್ಲದ ನಮ್ಮಂಥವರೇ ಸಂಜೆ ಹೊತ್ತು ಗ್ಯಾಸ್‌ಲೈಟ್ ಹಿಡಿದು ಕೇರಿಕೇರಿ ಸುತ್ತಿದೆವು. ನಮ್ಮ ಮಾತಿಗಿಂತ ಹೆಚ್ಚು ಕೆಲಸ ಮಾಡಿದ್ದು ಒಂದು ಸರಳ ಸಂಗತಿ: ಬಹುಪಾಲು ಮನೆಗಳಲ್ಲಿ ಅವರ ಶಾಲೆಗೆ ಹೋಗುತ್ತಿದ್ದ ಒಬ್ಬ ಹುಡುಗನೋ ಹುಡುಗಿಯೋ ಇದ್ದರು.

ದೇಸಾಯಿಯವರು ದೆಹಲಿಯಲ್ಲಿದ್ದ ಕಾಲವೇ ಮಹಾಜನ ಆಯೋಗದ ಕಾಲ. ಮಹಾರಾಷ್ಟ್ರವು ಕಾರವಾರ, ಸೂಪಾ, ಹಳಿಯಾಳ ತಾಲೂಕುಗಳನ್ನು ಕೇಳುತ್ತಿತ್ತು. 1967ರ ವರದಿ ಆ ಬೇಡಿಕೆಯನ್ನು ಒಪ್ಪಲಿಲ್ಲ. ಕಾರವಾರದ ರಾಜಕೀಯದಲ್ಲಿ ಭಾಷೆಯ ಪ್ರಶ್ನೆ ಅನಂತರವೂ ಬಹುಕಾಲ ಹೊಗೆಯಾಡುತ್ತಿತ್ತು. ಅಂಕೋಲೆಗೆ ಅದು ಅಷ್ಟಾಗಿ ತಟ್ಟಲಿಲ್ಲ.

ಅನಂತರದ್ದನ್ನು ಬೇಗ ಮುಗಿಸುತ್ತೇನೆ. 1971ರಲ್ಲಿ ಇಂದಿರಾ ಗಾಂಧಿಯವರ ಅಲೆಯಲ್ಲಿ ಬಿ. ವಿ. ನಾಯಕರು ಗೆದ್ದರು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ಸು ಕೊಚ್ಚಿ ಹೋದಾಗ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅದಕ್ಕೇ ಕೊಟ್ಟಿತು. ನಮ್ಮಲ್ಲಿ ಕಾರವಾರದ ಬಿ. ಪಿ. ಕದಂ ಗೆದ್ದರು. ದೇವರಾಜ ಅರಸರ ಭೂಸುಧಾರಣೆಯಿಂದ ಗದ್ದೆಯ ಒಡೆತನ ಪಡೆದ ಒಕ್ಕಲುಗಳು ಕಾಂಗ್ರೆಸ್ಸಿಗೆ ಮರಳಿದ್ದರು. ಯಾವ ಬೇಡಿಕೆಗಾಗಿ ದೇಸಾಯಿಯವರು ಗಡಿಪಾರಾದರೋ ಅದೇ ಬೇಡಿಕೆ ಈಡೇರಿದ್ದರಿಂದ ಅವರ ಬಗೆಯ ರಾಜಕೀಯಕ್ಕೆ ನೆಲೆ ಇಲ್ಲದಾಯಿತು. ಇದನ್ನು ಸೋಲೆನ್ನಬೇಕೋ ಗೆಲುವೆನ್ನಬೇಕೋ ನಾನು ತೀರ್ಮಾನಿಸಲಾರೆ. 1982ರಲ್ಲಿ ಅವರು ತೀರಿಕೊಂಡರು. 1980ರಿಂದ 1991ರ ವರೆಗೆ ನಾಲ್ಕು ಸಲ ಜಿ. ದೇವರಾಯ ನಾಯ್ಕರು ಗೆದ್ದರು.

ಈಗ 1989ಕ್ಕೆ ಬರೋಣ. ಅಷ್ಟರಲ್ಲಿ ಭೂಮಿಯ ಪ್ರಶ್ನೆ ಹೊಸ ರೂಪ ತಳೆದಿತ್ತು. ಗೇಣಿಯ ಧಣಿ ಹೋಗಿ ಯೋಜನೆ ಬಂದಿತ್ತು. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು. ಅದೇ ನದಿಯ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ. 1986ರ ಅಕ್ಟೋಬರಿನಲ್ಲಿ ರಾಜೀವ ಗಾಂಧಿಯವರು ಶಂಕುಸ್ಥಾಪನೆ ಮಾಡಿದ ಸೀಬರ್ಡ್ ನೌಕಾನೆಲೆ. ಸೀಬರ್ಡ್ ಒಂದರಿಂದಲೇ ಕಾರವಾರ ಮತ್ತು ಅಂಕೋಲೆ ತಾಲೂಕುಗಳ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಡಬೇಕಾಯಿತು. ಘಟ್ಟದ ಮೇಲೆ 1983ರಲ್ಲಿಯೇ ಅಪ್ಪಿಕೋ ಚಳವಳಿ ಹುಟ್ಟಿತ್ತು. ಈ ಹಿನ್ನೆಲೆಯಲ್ಲಿ ಕೈಗಾ ಸ್ಥಾವರವನ್ನು ವಿರೋಧಿಸುತ್ತಿದ್ದ ಕೋಟ ಶಿವರಾಮ ಕಾರಂತರು ಪಕ್ಷೇತರರಾಗಿ ನಮ್ಮ ಕ್ಷೇತ್ರದಲ್ಲಿ ನಿಂತರು. ಅವರಿಗೆ ಆಗ 87 ವರ್ಷ. ಜ್ಞಾನಪೀಠ ಬಂದು ಹನ್ನೆರಡು ವರ್ಷವಾಗಿತ್ತು. ಗೆದ್ದು ಅಧಿಕಾರ ಮಾಡುವ ಆಸೆ ಅವರಿಗಿತ್ತೆಂದು ಅವರ ವಿರೋಧಿಗಳೂ ಹೇಳಲಿಲ್ಲ.

ಅವರು ಸೋತರು; ಗೆಲುವಿನ ಹತ್ತಿರಕ್ಕೂ ಬರಲಿಲ್ಲ. ಮತದಾನದ ವಯಸ್ಸು ಹದಿನೆಂಟಕ್ಕೆ ಇಳಿದಿದ್ದ ಮೊದಲ ಲೋಕಸಭಾ ಚುನಾವಣೆ ಅದು. ಮತಗಟ್ಟೆಯಲ್ಲಿ ಕರ್ತವ್ಯಕ್ಕೆ ಕುಳಿತಿದ್ದ ನನ್ನ ಮುಂದೆ ಎಡಗೈ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳಲು ನನ್ನ ವಿದ್ಯಾರ್ಥಿಗಳೇ ಸಾಲಾಗಿ ಬಂದರು. ಕಾರಂತರ 'ಚೋಮನ ದುಡಿ'ಯನ್ನು ನಾನೇ ಅವರಿಗೆ ಓದಿ ಹೇಳಿದ್ದೆ. ಅವರು ಯಾರಿಗೆ ಮತ ಹಾಕಿದರೆಂದು ನಾನು ಕೇಳಲಿಲ್ಲ, ಕೇಳಲೂಬಾರದು.

ಸೋಲಿಗೆ ಹೊರಗಿನವರೆಂಬುದು ಕಾರಣವೆಂದು ಆಗ ಬಹಳ ಜನ ಹೇಳಿದರು. ಜೋಕಿಮ್ ಆಳ್ವರು ಮೂರು ಸಲ ಗೆದ್ದ ಊರಿನಲ್ಲಿ ಈ ವಾದ ನಿಲ್ಲುವುದಿಲ್ಲ. ರಾಜ್ಯದಲ್ಲಿ ಜನತಾದಳದ ವಿರುದ್ಧ ಎದ್ದ ಅಲೆ ದೊಡ್ಡ ಕಾರಣವೆಂಬುದು ನಿಜ. ಆ ವರ್ಷ ಕಾಂಗ್ರೆಸ್ಸಿಗೆ 28ರಲ್ಲಿ 27 ಸ್ಥಾನ ಬಂತು. ಆದರೆ ನನಗೆ ಮುಖ್ಯವೆನಿಸುವುದು ಬೇರೆ ಎರಡು ಕಾರಣಗಳು. ದೇಸಾಯಿಯವರು ಮತ ಕೇಳುವ ಮೊದಲು ಮೂರು ದಶಕ ಇಲ್ಲಿ ದುಡಿದಿದ್ದರು. ಕಾರಂತರ ದೊಡ್ಡ ದುಡಿಮೆ ಪುತ್ತೂರಿನಲ್ಲಿ, ಇಡೀ ಕನ್ನಡ ನಾಡಿನಲ್ಲಿ ನಡೆದಿತ್ತು. ಅವರ ಮಾತು ಸರಿಯೆಂದು ತಲೆದೂಗಿದ ರೈತನೊಬ್ಬ, ಈ ಅಜ್ಜ ಮತ್ತೆ ನಮ್ಮೂರಿಗೆ ಬರುವುದು ಯಾವಾಗ ಎಂದು ನನ್ನನ್ನೇ ಕೇಳಿದ್ದ. ಎರಡನೆಯದು, ಗೇಣಿ ಪ್ರತಿ ಮನೆಯ ಪ್ರತಿ ವರ್ಷದ ನೋವು. ಯೋಜನೆಯ ನೋವು ಕೆಲವು ಹಳ್ಳಿಗಳದು. ಪಕ್ಕದ ಹಳ್ಳಿಗೆ ಅದೇ ಯೋಜನೆ ನೌಕರಿಯ ಆಸೆಯಾಗಿ ಕಾಣುತ್ತದೆ. ಮುಂದೆ ಸ್ಥಳಾಂತರವಾದಾಗ ಜನರೊಡನೆ ಅವರ ಮತಗಳೂ ಬೇರೆ ಬೇರೆ ಕಾಲೊನಿಗಳಿಗೆ ಚದುರಿದವು. 13 ಹಳ್ಳಿಗಳ ಸಂಕಟವನ್ನೇ ಹೊತ್ತು ಗೆದ್ದವರು ನಮ್ಮಲ್ಲಿ ಯಾರೂ ಇಲ್ಲ.

ಕೈಗಾ ವಿಷಯದಲ್ಲಿ ನಾಣ್ಯದ ಎರಡೂ ಮುಖ ಹೇಳಬೇಕು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರ ಕುಸಿದುಬಿದ್ದಾಗ ಅನೇಕರಿಗೆ ಕಾರಂತರು ನೆನಪಾದರು. ಅದೇ ಕೈಗಾದ ಒಂದನೆಯ ಘಟಕ 2018ರ ಡಿಸೆಂಬರಿನ ಕೊನೆಗೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿತು.

1996ರ ತಿರುವಿಗೆ ಭೂಮಿಯೂ ಕಾರಣವಲ್ಲ, ಯೋಜನೆಯೂ ಅಲ್ಲ. 1993ರ ಭಟ್ಕಳದ ಗಲಭೆಗಳು, 1996ರ ಏಪ್ರಿಲ್ 10ರಂದು ಶಾಸಕ ಡಾ. ಚಿತ್ತರಂಜನರ ಕೊಲೆ ಕ್ಷೇತ್ರದ ಮಾತಿನ ಧಾಟಿಯನ್ನೇ ಬದಲಿಸಿದವು. ಕೆಲವೇ ವಾರಗಳಲ್ಲಿ, ಮೂವತ್ತೂ ತುಂಬದ ಅನಂತಕುಮಾರ ಹೆಗಡೆ ಗೆದ್ದರು. 1998ರಲ್ಲಿ ಮತ್ತೆ ಗೆದ್ದು 1999ರಲ್ಲಿ ಮಾರ್ಗರೆಟ್ ಆಳ್ವರೆದುರು ಸೋತರು. ಜೋಕಿಮ್ ಆಳ್ವರ ಸೊಸೆ ಮಾವನ ಕ್ಷೇತ್ರವನ್ನು ಐದು ವರ್ಷಕ್ಕೆ ಮರಳಿ ಪಡೆದರು. 2004ರಿಂದ 2019ರ ವರೆಗೆ ನಾಲ್ಕು ಸಲ ಹೆಗಡೆಯವರೇ. 2024ರಲ್ಲಿ ವಿಶ್ವೇಶ್ವರ ಹೆಗಡೆ ಕಾಗೇರಿ. ಕಾಗೇರಿಯವರು 1994ರಿಂದ ಮೂರು ಸಲ ಅಂಕೋಲೆಯ ಶಾಸಕರಾಗಿದ್ದವರು. ಆಗ ಆ ವಿಧಾನಸಭಾ ಕ್ಷೇತ್ರಕ್ಕೆ ಘಟ್ಟದ ಮೇಲಿನ ಭಾಗವೂ ಸೇರಿತ್ತು. 2008ರಲ್ಲಿ ಅಂಕೋಲೆಯ ಹೆಸರಿನ ಕ್ಷೇತ್ರವೇ ಅಳಿದು, ತಾಲೂಕು ಕಾರವಾರ ಕ್ಷೇತ್ರಕ್ಕೆ ಸೇರಿತು. ಲೋಕಸಭಾ ಕ್ಷೇತ್ರದೊಳಗೆ ಈಗ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳೂ ಇವೆ. ಕಿತ್ತೂರಿನ ಮತದಾರನಿಗೆ ನಮ್ಮ ಗಜನಿಯ ಸಮಸ್ಯೆಯನ್ನು ವಿವರಿಸುವುದು ಸುಲಭವಲ್ಲ, ನಮಗೆ ಅವರ ಕಬ್ಬಿನ ಸಮಸ್ಯೆಯೂ ಅಷ್ಟೆ.

ಭೂಮಿಯ ಪ್ರಶ್ನೆ ಮಾತ್ರ ಮುಗಿದಿಲ್ಲ. ಕೇಣಿಯಲ್ಲಿ ಖಾಸಗಿ ಬಂದರು ಬೇಡವೆಂದು ಮೀನುಗಾರರು 2025ರಲ್ಲಿ ಬೀದಿಗಿಳಿದರು. ನೌಕಾನೆಲೆಗೆ ಹೊಂದಿಕೊಂಡು ಬರಲಿರುವ ವಿಮಾನ ನಿಲ್ದಾಣಕ್ಕಾಗಿ ಗುರುತಿಸಿದ ಜಮೀನಿನ ಬಹುಭಾಗ ಇರುವುದು ಅಲಗೇರಿಯಲ್ಲಿ, ದಿನಕರ ದೇಸಾಯಿಯವರು ಹುಟ್ಟಿದ ಊರಿನಲ್ಲಿ.