ಚಿಯರ್ ಮತ್ತು ಗೆಲವು

ಕಾಫಿ ಬೀಜ ನಮ್ಮ ಬೆಟ್ಟಗಳಿಗೆ ಬಂದದ್ದು ಬಾಬಾಬುಡನ್ ಅವರ ಕೈಯಿಂದ ಎನ್ನುತ್ತದೆ ಐತಿಹ್ಯ. ಅದು ಹದಿನೇಳನೆಯ ಶತಮಾನದ ಮಾತು. ಅದಾದ ಬಹುಕಾಲದ ಮೇಲೆ, ತೋಟ ಮಾಡಲು ಬಂದ ಬಿಳಿಯ ದೊರೆಗಳ ಜೊತೆಯಲ್ಲಿ, ಇಂಗ್ಲಿಷಿನ ಹಲವು ಮಾತುಗಳೂ ಈ ಬೆಟ್ಟಗಳನ್ನು ಹತ್ತಿದವು. ಎಸ್ಟೇಟು, ರೈಟರು, ಲೈನು ಮುಂತಾದುವು ಇಲ್ಲಿಯ ಮಣ್ಣಿನಲ್ಲಿ ಬೇರೂರಿ ಕನ್ನಡವೇ ಆಗಿಹೋದುವು. ‘ಚಿಯರ್’ ಎಂಬ ಮಾತಿಗೆ ಆ ಭಾಗ್ಯ ಒದಗಲಿಲ್ಲ. ಅದು ಬಂಗಲೆಯ ಜಗಲಿಯಲ್ಲಿಯೇ ಉಳಿಯಿತು. ಈಗ ಮದುವೆ ಮನೆಗಳಲ್ಲಿ, ಕ್ರಿಕೆಟ್ ಮೈದಾನಗಳಲ್ಲಿ, ಗೆಳೆಯರ ಕೂಟಗಳಲ್ಲಿ ‘ಚಿಯರ್ಸ್’ ಆಗಿ ಮತ್ತೆ ನಮ್ಮ ಕಿವಿಗೆ ಬೀಳುತ್ತಿದೆ. ಈ ಮಾತಿನ ಚರಿತ್ರೆಯನ್ನೂ, ಇದೇ ಭಾವಕ್ಕೆ ನಮ್ಮ ಮಲೆನಾಡಿನಲ್ಲಿ ಮೊದಲಿನಿಂದ ಇದ್ದ ಮಾತುಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂಬುದು ನನ್ನ ಆಸೆ.

‘ಚಿಯರ್’ ಎಂದರೆ ಮೊದಲು ಸಂತೋಷವಲ್ಲ, ಮುಖ. ಗ್ರೀಕಿನಲ್ಲಿ ತಲೆ ಎಂಬ ಅರ್ಥದ ‘ಕಾರಾ’ ಎಂಬ ಮಾತಿನಿಂದ ಲ್ಯಾಟಿನ್ನಿಗೆ ಬಂದು, ಮುಖವೆಂಬ ಅರ್ಥ ಪಡೆದು, ಹಳೆಯ ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಇಳಿಯಿತು. ಹದಿನಾಲ್ಕನೆಯ ಶತಮಾನದ ಚಾಸರ್ ಕವಿಯ ಕಾಲಕ್ಕೂ ಮುಖ, ಮುಖಭಾವ ಎಂಬ ಅರ್ಥ ಅದಕ್ಕೆ ಉಳಿದಿತ್ತು. ಮುಖದಿಂದ ಮನಸ್ಸಿಗೆ ದೂರವೇನಿಲ್ಲ. ನಾವೂ ಮುಖ ಅರಳಿತು ಎನ್ನುತ್ತೇವೆ, ಬಾಡಿತು ಎನ್ನುತ್ತೇವೆ. ಮನೆಗೆ ಹೋದರೆ ಮುಖ ಕೊಟ್ಟು ಮಾತನಾಡಲಿಲ್ಲವೆಂದು ನೊಂದುಕೊಳ್ಳುತ್ತೇವೆ. ಹಾಗೆಯೇ ಆ ಮಾತೂ ಮುಖದಿಂದ ಮನೋಭಾವಕ್ಕೆ ದಾಟಿತು. ಆಗ ಒಳ್ಳೆಯ ಚಿಯರೂ ಇತ್ತು, ಕೆಟ್ಟ ಚಿಯರೂ ಇತ್ತು. ಕಾಲಕ್ರಮದಲ್ಲಿ ಕೆಟ್ಟದ್ದು ಉದುರಿ ಒಳ್ಳೆಯದು ಮಾತ್ರ ನಿಂತಿತು. ನಗುಮುಖದಿಂದ ಬರಮಾಡಿಕೊಂಡವರು ಬರಿಗೈಯಲ್ಲಿ ಕಳುಹಿಸುವುದಿಲ್ಲವಷ್ಟೆ. ಆದುದರಿಂದ ಅತಿಥಿಗೆ ಬಡಿಸಿದ ಊಟ, ಕೊಟ್ಟ ಪಾನೀಯ, ಇವೂ ಚಿಯರ್ ಎನಿಸಿಕೊಂಡವು.

ಇದಕ್ಕಿಂತ ಗಂಭೀರವಾದ ಇನ್ನೊಂದು ಅರ್ಥವೂ ಬೆಳೆಯಿತು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಏಸುಕ್ರಿಸ್ತನು ಮುಂದೆ ಸಂಕಟ ಕಾದಿರುವ ಶಿಷ್ಯರಿಗೆ ಹೇಳುವ ಸಮಾಧಾನದಲ್ಲಿ ಈ ಶಬ್ದವಿದೆ. ಕನ್ನಡ ಬೈಬಲ್ಲು ಅಲ್ಲಿ ಸಂತೋಷ ಎಂಬ ಪದವನ್ನು ಇಟ್ಟಿಲ್ಲ. ‘ಧೈರ್ಯ’ ಎಂಬ ಪದವನ್ನು ಇಟ್ಟಿದೆ. ಅದು ತಿಳಿದು ಮಾಡಿದ ಅನುವಾದ. ಕಷ್ಟದ ಹೊಸ್ತಿಲಲ್ಲಿ ನಿಂತವನಿಗೆ ಇನ್ನೊಬ್ಬನು ಕೊಡುವ ಧೈರ್ಯವೇ ಅಲ್ಲಿ ಚಿಯರ್.

ಗಟ್ಟಿಯಾಗಿ ಕೂಗುವ ಜಯಘೋಷವೆಂಬ ಅರ್ಥ ಹಡಗಿನವರದು. 1720ರಲ್ಲಿ ಡೇನಿಯಲ್ ಡೀಫೋ ಅದನ್ನು ನಾವಿಕರ ಆಡುಮಾತೆಂದೇ ಗುರುತಿಸಿ ಬಳಸಿದ್ದಾನೆ. ಮದ್ಯದ ಬಟ್ಟಲುಗಳನ್ನು ತಾಗಿಸಿ ‘ಚಿಯರ್ಸ್’ ಎನ್ನುವ ರೂಢಿ ಇಪ್ಪತ್ತನೆಯ ಶತಮಾನದ್ದು. ಇಂಗ್ಲೆಂಡಿನಲ್ಲಿ ಅದನ್ನೇ ಈಗ ‘ಉಪಕಾರವಾಯಿತು’ ಎಂಬರ್ಥದಲ್ಲಿಯೂ ಬಳಸುತ್ತಾರೆ. ಮುಖದಿಂದ ಹೊರಟ ಮಾತು ಬಟ್ಟಲಿಗೆ ಬಂದು ತಲುಪಲು ಏಳುನೂರು ವರ್ಷ ಹಿಡಿಯಿತು. ಕಾಫಿಯ ನಾಡಿನವರಾದ ನಾವು ಮರೆಯಬಾರದ ಸಂಗತಿಯೊಂದಿದೆ. 1785ರಲ್ಲಿ ಕವಿ ಕೌಪರ್ ತನ್ನ ‘ದಿ ಟಾಸ್ಕ್’ ಕಾವ್ಯದಲ್ಲಿ ಈ ಗುಣವನ್ನು ಆರೋಪಿಸಿದ್ದು ಚಹಾದ ಬಟ್ಟಲಿಗೆ, ಅದು ಅಮಲೇರಿಸದೆ ಉಲ್ಲಾಸ ಕೊಡುತ್ತದೆಂಬ ಕಾರಣಕ್ಕೆ.

ಈ ಮಾತನ್ನು ಹೊತ್ತು ಬಂದವರ ಬದುಕು ಉಲ್ಲಾಸದ್ದೇ ಆಗಿತ್ತೆಂದು ತಿಳಿಯಬೇಕಾಗಿಲ್ಲ. ಬಾಬಾಬುಡನ್ ಶ್ರೇಣಿಯ ದಕ್ಷಿಣಕ್ಕೆ ಕ್ಯಾನನ್ ತೋಟ ತೆರೆದನು. 1843ರಲ್ಲಿ ಮಂಜರಾಬಾದಿನಲ್ಲಿ ಗ್ರೀನ್, 1856ರಲ್ಲಿ ರಾಬರ್ಟ್ ಎಲಿಯಟ್ ಕೈಹಾಕಿದರು. ಎಲಿಯಟ್ಟನು 1894ರಲ್ಲಿ ಪ್ರಕಟಿಸಿದ ಪುಸ್ತಕ ಮೈಸೂರಿನ ಕಾಫಿ ಬೇಸಾಯದ ಚರಿತ್ರೆಗೆ ಇಂದಿಗೂ ಒಂದು ಆಧಾರ. ಮೈಲಿಗಟ್ಟಲೆ ದೂರದ ಒಂಟಿ ಬಂಗಲೆ, ಮಲೇರಿಯಾ ಜ್ವರ, 1860ರ ದಶಕದಲ್ಲಿ ತೋಟಗಳನ್ನೇ ಒಣಗಿಸಿದ ಕಾಂಡಕೊರಕ, ಅದರ ಬೆನ್ನಿಗೆ ಬಂದ ಎಲೆಯ ತುಕ್ಕುರೋಗ. ಇಂಥ ಕಡೆ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುವ ಅಗತ್ಯ ನಿಜವಾಗಿಯೂ ಇತ್ತು. 1893ರಲ್ಲಿ ಸಕಲೇಶಪುರದಲ್ಲಿ ಮಂಜರಾಬಾದ್ ಕ್ಲಬ್ಬು ಹುಟ್ಟಿದ್ದರ ಹಿಂದೆ ಈ ಒಂಟಿತನವೂ ಇದ್ದಿರಬೇಕು.

ಆದರೆ ಅದೇ ಜ್ವರ, ಅದೇ ಮಳೆ, ಅದಕ್ಕಿಂತ ಹೆಚ್ಚಿನ ಒಂಟಿತನ ಲೈನು ಮನೆಗಳಲ್ಲಿಯೂ ಇದ್ದುವು. ಮೇಸ್ತ್ರಿಯಿಂದ ಮುಂಗಡ ಪಡೆದು ಘಟ್ಟದ ಕೆಳಗಿನಿಂದಲೂ ತಮಿಳುನಾಡಿನ ಕಡೆಯಿಂದಲೂ ಬಂದ ಹೆಣ್ಣುಗಂಡುಗಳು ಕಾಡು ಕಡಿದರು, ಗುಂಡಿ ತೆಗೆದರು, ಹಣ್ಣು ಕೊಯ್ದರು. ಕ್ಲಬ್ಬಿನ ಜಯಘೋಷ ಅವರಿಗಾಗಿ ಏಳಲಿಲ್ಲ. ಹುರಿದುಂಬಿಸುವ ಮಾತು ಅವರವರಲ್ಲಿಯೇ ಹುಟ್ಟಬೇಕಾಯಿತು. ಭಾರದ ದಿಮ್ಮಿಯನ್ನು ಎಳೆಯುವಾಗ ಒಬ್ಬನು ಸೊಲ್ಲೆತ್ತಿ ಉಳಿದವರು ‘ಐಸಾ’ ಎಂದು ದನಿಗೂಡಿಸಿದರೆ ಹತ್ತು ಮೈಗಳ ಬಲ ಒಂದಾಗುತ್ತದೆ. ಹಡಗಿನವರ ಕೂಗಿಗೂ ಇದಕ್ಕೂ ನಂಟು ಹತ್ತಿರದ್ದು.

ಈ ಪ್ರಾಂತದಲ್ಲಿ ಇಂಥದೊಂದು ಕೂಗು ರಾಜವಂಶದ ಹೆಸರೇ ಆಗಿ ನಿಂತಿದೆ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ ಹಿಂದಿನ ಸೊಸೆವೂರು. ಅಲ್ಲಿಯ ವಾಸಂತಿಕಾ ದೇವಿಯ ಸನ್ನಿಧಿಯಲ್ಲಿ ಹುಲಿ ಮೇಲೆರಗಿದಾಗ ಜೈನಮುನಿ ಸುದತ್ತರು ಸಳನೆಂಬ ತರುಣನನ್ನು ನೋಡಿ ‘ಪೊಯ್ ಸಳ’ ಎಂದರಂತೆ. ಹೊಡೆ, ಸಳ ಎಂದರ್ಥ. ಅವನು ಹೊಡೆದನು, ವಂಶಕ್ಕೆ ಹೊಯ್ಸಳವೆಂಬ ಹೆಸರಾಯಿತು. ಇದನ್ನು ಶಾಸನಗಳೂ ಹೇಳುತ್ತವೆ, ಹೊಯ್ಸಳ ದೇಗುಲಗಳ ಶಿಲ್ಪವೂ ಹೇಳುತ್ತದೆ. ಚರಿತ್ರಕಾರರು ಇದನ್ನು ಕಥೆಯೆಂದೇ ಎಣಿಸುತ್ತಾರೆ. ಆದರೆ ಕಥೆ ಕಟ್ಟಿದವರ ಮನಸ್ಸನ್ನು ಗಮನಿಸಬೇಕು. ಹುಲಿ ಸತ್ತ ಮೇಲೆ ಮುನಿ ಹೊಗಳಿದ ಮಾತನ್ನು ಅವರು ವಂಶಕ್ಕೆ ಹೆಸರಾಗಿ ಇಡಲಿಲ್ಲ. ಹುಲಿ ಎದುರಿಗಿದ್ದಾಗ, ಗೆಲ್ಲುವನೋ ಇಲ್ಲವೋ ತಿಳಿಯದಿದ್ದಾಗ, ಆಡಿದ ಮಾತನ್ನು ಇಟ್ಟರು.

ಮೆಚ್ಚುಗೆಯ ಮಾತುಗಳೂ ನಮ್ಮಲ್ಲಿ ಕಡಮೆಯಿಲ್ಲ. ‘ಶಾಭಾಸ್’ ಪಾರಸಿಯ ‘ಶಾದ್ ಬಾಷ್’. ಅದರ ಅಕ್ಷರಾರ್ಥ ‘ಸಂತೋಷವಾಗಿರು’ ಎಂದು. ಬೆನ್ನು ತಟ್ಟುವ ಮಾತಿನೊಳಗೆ ಹರಕೆಯೂ ಅಡಗಿದೆಯೆಂಬುದು ಅದನ್ನು ದಿನವೂ ಆಡುವ ನಮಗೆ ಹೊಳೆಯುವುದಿಲ್ಲ. ಯಕ್ಷಗಾನದ ರಂಗದಲ್ಲಿ ಕೇಳಿಬರುವ ‘ಭಲೇ’ ಎಂಬುದರ ಮೂಲ ಪ್ರಾಕೃತದ ‘ಭಲ್ಲ’, ಅದರ ಹಿಂದೆ ಸಂಸ್ಕೃತದ ‘ಭದ್ರ’ ಎನ್ನುತ್ತಾರೆ ಭಾಷಾವಿದರು. ಹಾಗಾದರೆ ಕಳಸದ ಆಟದ ಬಯಲಿನಲ್ಲಿ ಕೇಳುವ ಭಲೇ ಎಂಬ ಉದ್ಗಾರಕ್ಕೂ, ಊರನ್ನು ಬಳಸಿ ಹರಿಯುವ ಭದ್ರಾ ನದಿಯ ಹೆಸರಿಗೂ ಮೂಲ ಒಂದೇ.

ಇವೆಲ್ಲಕ್ಕಿಂತಲೂ ನನಗೆ ಪ್ರಿಯವಾದುದು ‘ಗೆಲವು’ ಎಂಬ ಅಚ್ಚಗನ್ನಡದ ಮಾತು. ನಲಿ ಎಂಬುದರಿಂದ ನಲಿವು, ಒಲಿ ಎಂಬುದರಿಂದ ಒಲವು ಆದಂತೆ ಗೆಲ್ ಎಂಬುದರಿಂದ ಗೆಲವು. ಯುದ್ಧದಲ್ಲಿ ಪಡೆದದ್ದು ಗೆಲವು. ಆದರೆ ಜ್ವರ ಬಿಟ್ಟ ಮಗು ಮೂರನೆಯ ದಿನ ಎದ್ದು ಕುಳಿತು ಗಂಜಿ ಕೇಳಿದರೆ ‘ಮಗು ಗೆಲವಾಗಿದೆ’ ಎನ್ನುತ್ತೇವಲ್ಲ, ಅದೂ ಗೆಲವೇ. ಅಲ್ಲಿ ಯಾರೂ ಸೋತಿಲ್ಲ. ಬೇಸಗೆಯಲ್ಲಿ ಬಾಡಿ ನಿಂತ ಕಾಫಿ ಗಿಡ ಮಾರ್ಚ್ ಏಪ್ರಿಲ್ ತಿಂಗಳ ಹೂಮಳೆ ಬಿದ್ದೊಡನೆ ಗೆಲವಾಗುತ್ತದೆ, ಎಂಟು ಹತ್ತು ದಿನಗಳಲ್ಲಿ ಬೆಟ್ಟವೆಲ್ಲ ಬೆಳ್ಳಗೆ ಹೂಬಿಡುತ್ತದೆ. ಗಿಡ ಗೆಲವಾದರೆ ತೋಟದವನ ಮುಖವೂ ಗೆಲವಾಗುತ್ತದೆ. ಇಂಗ್ಲಿಷಿನ ಮಾತು ಮುಖದಿಂದ ಹೊರಟು ಧೈರ್ಯವನ್ನು ಮುಟ್ಟಿತು. ನಮ್ಮದು ಧೈರ್ಯದ ಫಲವಾದ ಜಯದಿಂದ ಹೊರಟು ಮುಖವನ್ನು ಮುಟ್ಟಿತು. ಎದುರುಬದುರು ದಿಕ್ಕಿನಿಂದ ಬಂದ ಎರಡು ದಾರಿಗಳು ಒಂದೇ ಕಡೆ ಕೂಡಿವೆ. ಎರಡೂ ಭಾಷೆಗಳ ಜನ ಕಂಡುಕೊಂಡ ಸತ್ಯ ಒಂದೇ: ಉಲ್ಲಾಸವೆಂಬುದು ಕಷ್ಟವನ್ನು ಅರಿಯದವನ ಸೊತ್ತಲ್ಲ, ಕಷ್ಟದಿಂದ ತಲೆಯೆತ್ತಿದವನ ಸೊತ್ತು.

ಈಗ ಈ ಎರಡು ಮಾತುಗಳೂ ಬಡವಾಗುತ್ತಿರುವುದು ನನ್ನ ಕಳವಳ. ಚಿಯರ್ ಎಂದರೆ ನಮಗೆ ಬಟ್ಟಲಿನ ಸದ್ದು ಮಾತ್ರ. ಗೆಲುವು ಎಂದರೆ ಚುನಾವಣೆ ಮತ್ತು ಕ್ರಿಕೆಟ್ ಮಾತ್ರ. ಗೆದ್ದವನಿಗೆ ಜೈಕಾರ ಹಾಕಲು ನೂರು ಕಂಠಗಳಿವೆ. ಕಾಯಿಲೆ ಮಲಗಿದವನ, ಪರೀಕ್ಷೆಯಲ್ಲಿ ಬಿದ್ದ ಹುಡುಗನ, ಬೆಳೆ ಉದುರಿಹೋದ ಸಣ್ಣ ಹಿಡುವಳಿದಾರನ ಮುಂದೆ ಕುಳಿತು ಆಡಬೇಕಾದ ಮಾತು ನಮಗೆ ತಟ್ಟನೆ ತೋಚುವುದಿಲ್ಲ. ಆ ಹೊತ್ತಿನಲ್ಲಿ ಬೇಕಾದುದು ಜಯಘೋಷವಲ್ಲ. ಜಯ ಇನ್ನೂ ಬಂದಿಲ್ಲ. ಅಂಥವನ ಎದುರಿಗೆ ನಿಂತು, ಮುಖ ಕೊಟ್ಟು, ಒಂದು ಮಾತು ಆಡುವುದು ಬೇಕು.

ಬೇರೆಯ ಭಾಷೆಯ ಶಬ್ದವನ್ನು ತರುವುದರಲ್ಲಿ ದೋಷವಿಲ್ಲ. ತರುವಾಗ ಅದರ ಸಿಪ್ಪೆಯನ್ನು ಮಾತ್ರ ತಂದು ತಿರುಳನ್ನು ಬಿಟ್ಟರೆ, ಮನೆಯಲ್ಲಿರುವ ತಿರುಳುಳ್ಳ ಮಾತನ್ನೂ ಮರೆತರೆ, ಅದು ಎರಡು ಕಡೆಯ ನಷ್ಟ. ಗೆಲವು ಎಂಬ ಮಾತಿಗೆ ಇರುವ ಎರಡನೆಯ ಅರ್ಥವನ್ನು ನಮ್ಮ ಮನೆಗಳಲ್ಲಿ ಉಳಿಸಿಕೊಳ್ಳೋಣ. ‘ಹೇಗಿದ್ದೀರಿ’ ಎಂದು ಕೇಳುವ ಕಡೆ ‘ಗೆಲವಾಗಿದ್ದೀರಾ’ ಎಂದು ಕೇಳಿದರೆ, ಕೇಳಿಸಿಕೊಂಡವರಿಗೆ ಅದೇ ಅರ್ಧ ಗೆಲವು.

(ಬಾನುಲಿ ಭಾಷಣ)