ಟೆಲಿಟೈಪ್‌ನಿಂದ ಕೃತಕ ಬುದ್ಧಿಮತ್ತೆಗೆ: ಆಜ್ಞಾಸಾಲಿನ ಅರವತ್ತು ವರ್ಷ

ನಿಮ್ಮ ಶಾಲೆಯಲ್ಲೋ ಕಾಲೇಜಿನಲ್ಲೋ ಲಿನಕ್ಸ್ ಇರುವ ಕಂಪ್ಯೂಟರ್ ಇದ್ದರೆ ಒಂದು ಚಿಕ್ಕ ಪ್ರಯೋಗ ಮಾಡಿ ನೋಡಿ. 'ಟರ್ಮಿನಲ್' ಎಂಬ ಕಿಟಕಿಯನ್ನು ತೆರೆಯಿರಿ. ಇಂಗ್ಲಿಷಿನ ಟಿ, ಟಿ, ವೈ ಎಂಬ ಮೂರು ಸಣ್ಣಕ್ಷರಗಳನ್ನು ಟೈಪಿಸಿ ಎಂಟರ್ ಕೀಲಿ ಒತ್ತಿ. ನೀವು ಯಾವ ಟರ್ಮಿನಲ್‌ನಿಂದ ಆಜ್ಞೆ ಕೊಡುತ್ತಿದ್ದೀರಿ ಎಂಬುದನ್ನು ಕಂಪ್ಯೂಟರ್ ಒಂದೇ ಸಾಲಿನಲ್ಲಿ ತಿಳಿಸುತ್ತದೆ. ಆ ಮೂರು ಅಕ್ಷರಗಳು 'ಟೆಲಿಟೈಪ್' ಎಂಬ ಹೆಸರಿನ ಸಂಕ್ಷೇಪ. ಟೆಲಿಟೈಪ್ ಯಂತ್ರವನ್ನು ಇಂದಿನ ವಿದ್ಯಾರ್ಥಿಗಳು ಕಂಡಿರಲಾರರು. ಯಂತ್ರ ಮರೆಯಾದರೂ ಅದರ ಹೆಸರು, ಬಂಡೆಯೊಳಗಿನ ಪಳೆಯುಳಿಕೆಯಂತೆ, ಕಂಪ್ಯೂಟರಿನೊಳಗೆ ಉಳಿದುಕೊಂಡಿದೆ.

ಈಗ ಅದೇ ಕಿಟಕಿಗೆ ಮತ್ತೆ ಬೇಡಿಕೆ ಬಂದಿದೆ. ಪ್ರೋಗ್ರಾಮ್ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಹಾಯಕಗಳು 2025ರಲ್ಲಿ ಒಂದರ ಹಿಂದೊಂದರಂತೆ ಅಲ್ಲಿಗೇ ಬಂದು ನೆಲೆಸಿದವು. ಹೊಚ್ಚಹೊಸ ತಂತ್ರಜ್ಞಾನ ಹಳೆಯ ಮನೆಯನ್ನೇ ಏಕೆ ಆರಿಸಿಕೊಂಡಿತು? ಇದನ್ನು ತಿಳಿಯಲು ನಾವು ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಸರದಿಯಿಂದ ಸಂವಾದಕ್ಕೆ

1950ರ ದಶಕದಲ್ಲಿ ಪ್ರೋಗ್ರಾಮ್ ಬರೆಯುವವರು ಸಾಮಾನ್ಯವಾಗಿ ಕಂಪ್ಯೂಟರಿನ ಮುಂದೆ ಕೂರುತ್ತಿರಲಿಲ್ಲ. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ನಿರ್ವಾಹಕರ ಕೈಗೆ ಕೊಟ್ಟು ಸರದಿಗಾಗಿ ಕಾಯುತ್ತಿದ್ದರು. ಉತ್ತರ ಬರಲು ಗಂಟೆಗಳೇ ಹಿಡಿಯುತ್ತಿದ್ದವು. ಒಂದು ಅಲ್ಪವಿರಾಮ ತಪ್ಪಿದ್ದರೂ ಮತ್ತೆ ಮೊದಲಿನಿಂದ ಸರದಿ.

1961ರ ನವೆಂಬರಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಾಟೊ ಮತ್ತು ಸಂಗಡಿಗರು ಬೇರೊಂದು ವಿಧಾನವನ್ನು ಮಾಡಿ ತೋರಿಸಿದರು. ಕಂಪ್ಯೂಟರ್ ತನ್ನ ಸಮಯವನ್ನು ಸಣ್ಣ ಸಣ್ಣ ತುಣುಕುಗಳಾಗಿ ಸೀಳಿ, ಹಲವು ಬಳಕೆದಾರರಿಗೆ ಹಂಚುತ್ತಿತ್ತು. ಪ್ರತಿಯೊಬ್ಬರ ಮುಂದೆಯೂ ಬೆರಳಚ್ಚು ಯಂತ್ರದಂಥ ಒಂದು ಟರ್ಮಿನಲ್. ಆಜ್ಞೆ ಕೊಡುವುದು, ಉತ್ತರ ಓದುವುದು, ಓದಿ ಮುಂದಿನ ಆಜ್ಞೆ ಕೊಡುವುದು. ಕಂಪ್ಯೂಟರಿನ ಜೊತೆಗಿನ ಸಂವಾದ ಶುರುವಾದದ್ದು ಹೀಗೆ. ಸಿಟಿಎಸ್‌ಎಸ್ ಎಂಬ ಈ ವ್ಯವಸ್ಥೆಗಾಗಿ ಕೆಲಸ ಮಾಡಿದ ಫ್ರಾನ್ಸಿನ ಲೂಯಿ ಪೂಝಾಂ, ಆಜ್ಞೆಗಳನ್ನು ಓದಿ ನಡೆಸಿಕೊಡುವ ತಂತ್ರಾಂಶಕ್ಕೆ 'ಶೆಲ್', ಅಂದರೆ ಚಿಪ್ಪು, ಎಂಬ ಹೆಸರು ಕೊಟ್ಟರು. ಆ ಹೆಸರೂ ಇಂದಿಗೂ ಬಳಕೆಯಲ್ಲಿದೆ.

ಇದೇ ಎಂಐಟಿಯ ವ್ಯವಸ್ಥೆಯಲ್ಲಿ ಜೋಸೆಫ್ ವೈಝೆನ್‌ಬಾಮ್ ಅವರ 'ಎಲಿಝಾ' ಪ್ರೋಗ್ರಾಮ್ ನಡೆಯಿತು. 1966ರಲ್ಲಿ ಅವರು ಅದರ ವಿವರಗಳನ್ನು ಪ್ರಕಟಿಸಿದರು. ಬಳಸುವವರು ಟೈಪಿಸಿದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದು ಎಲಿಝಾದ ಉಪಾಯ. ಅದಕ್ಕೆ ಅರ್ಥ ತಿಳಿಯುತ್ತಿರಲಿಲ್ಲ. ಆದರೂ ಜನ ಅದರ ಮುಂದೆ ಮನಸ್ಸು ಬಿಚ್ಚಿ ಮಾತನಾಡತೊಡಗಿದಾಗ ಅದನ್ನು ರೂಪಿಸಿದವರೇ ಕಳವಳಗೊಂಡರು. ಸರಾಗವಾಗಿ ಉತ್ತರಿಸುವುದೆಲ್ಲ ತಿಳಿದೇ ಉತ್ತರಿಸುತ್ತದೆ ಎಂದು ನಂಬುವುದು ಮನುಷ್ಯರ ಸ್ವಭಾವ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮಿತಭಾಷಿ ಯುನಿಕ್ಸ್

1969ರಲ್ಲಿ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಕೆಲಸ ಆರಂಭಿಸಿದರು. ಆಗ ಬಳಕೆಯಲ್ಲಿದ್ದ 33ನೇ ಮಾದರಿಯ ಟೆಲಿಟೈಪ್ ಯಂತ್ರ ಸೆಕೆಂಡಿಗೆ 10 ಅಕ್ಷರಗಳನ್ನು ಮಾತ್ರ ಕಾಗದದ ಮೇಲೆ ಮುದ್ರಿಸುತ್ತಿತ್ತು. 72 ಅಕ್ಷರಗಳ ಒಂದು ಪೂರ್ಣ ಸಾಲಿಗೆ ಏಳು ಸೆಕೆಂಡಿಗೂ ಹೆಚ್ಚು ಸಮಯ! ಹೀಗಿರುವಾಗ ಮಾತು ಚಿಕ್ಕದಾಗಿದ್ದಷ್ಟೂ ಲಾಭ. ಕಡತಗಳ ಪಟ್ಟಿಗೆ 'ಎಲ್ಎಸ್', ನಕಲಿಗೆ 'ಸಿಪಿ', ಅಳಿಸಲು 'ಆರ್‌ಎಂ' ಎಂಬ ಎರಡಕ್ಷರದ ಆಜ್ಞೆಗಳು ಬಂದವು. ಕೆಲಸ ಸರಿಯಾಗಿ ಮುಗಿದರೆ ಯುನಿಕ್ಸ್ ಬಹುತೇಕ ಮೌನವಾಗಿರುತ್ತದೆ. ಅಳಿಸಲು ಹೇಳಿದರೆ 'ಖಂಡಿತವೇ?' ಎಂದು ಸಾಮಾನ್ಯವಾಗಿ ಕೇಳುವುದೂ ಇಲ್ಲ, ಅಳಿಸಿಬಿಡುತ್ತದೆ.

ಯುನಿಕ್ಸಿನ ಇನ್ನೊಂದು ಕೊಡುಗೆ 'ಪೈಪ್', ಅಂದರೆ ಕೊಳವೆ. ತೋಟಕ್ಕೆ ನೀರು ಹಾಯಿಸುವ ರಬ್ಬರ್ ಕೊಳವೆಗಳನ್ನು ಒಂದಕ್ಕೊಂದು ಸೇರಿಸುವಂತೆ ಪ್ರೋಗ್ರಾಮುಗಳನ್ನೂ ಜೋಡಿಸುವಂತಿರಬೇಕು ಎಂದು ಡಗ್ ಮ್ಯಾಕಿಲ್‌ರಾಯ್ 1964ರಲ್ಲೇ ಬರೆದಿದ್ದರು. 1973ರಲ್ಲಿ ಥಾಂಪ್ಸನ್ ಅದನ್ನು ಯುನಿಕ್ಸಿಗೆ ಅಳವಡಿಸಿದರು. ಒಂದು ಆಜ್ಞೆಯ ಮುಂದೆ ಒಂದು ಲಂಬ ಗೆರೆ ಹಾಕಿ ಇನ್ನೊಂದು ಆಜ್ಞೆ ಬರೆದರಾಯಿತು. ಮೊದಲನೆಯದರ ಉತ್ತರ ಎರಡನೆಯದರೊಳಕ್ಕೆ ಹರಿಯುತ್ತದೆ. ಇಲ್ಲಿ ಹರಿಯುವುದು ಹೆಚ್ಚಾಗಿ ಸಾದಾ ಪಠ್ಯ. ಮನುಷ್ಯರೂ ಓದಬಲ್ಲ, ಯಂತ್ರವೂ ಓದಬಲ್ಲ ಅಕ್ಷರಗಳ ಸಾಲು. ನಮ್ಮ ಪ್ರಶ್ನೆಗೆ ಉತ್ತರ ಅಡಗಿರುವುದು ಇಲ್ಲಿಯೇ.

1984ರ ಮೆಕಿಂಟಾಷ್ ಮತ್ತು ಆಮೇಲಿನ ವಿಂಡೋಸ್ ತಂತ್ರಾಂಶಗಳು ಮೌಸ್ ಮತ್ತು ಚಿತ್ರಗಳನ್ನು ಮನೆಮನೆಗೆ ತಲುಪಿಸಿದವು. ಆಜ್ಞೆಗಳನ್ನು ಬಾಯಿಪಾಠ ಮಾಡುವ ಕಷ್ಟ ತಪ್ಪಿತು. ಆದರೆ ಸರ್ವರ್‌ಗಳನ್ನು ನೋಡಿಕೊಳ್ಳುವವರು, ಪ್ರೋಗ್ರಾಮ್ ಬರೆಯುವವರು ಆಜ್ಞಾಸಾಲನ್ನು ಬಿಡಲಿಲ್ಲ. ಚಿತ್ರದ ಮೇಲೆ ಸಾವಿರ ಬಾರಿ ಕ್ಲಿಕ್ ಮಾಡಬೇಕಾದ ಕೆಲಸ ಒಂದು ಸಾಲಿನ ಆಜ್ಞೆಯಿಂದ ಮುಗಿಯುತ್ತಿತ್ತು. 1991ರಲ್ಲಿ ಹುಟ್ಟಿದ ಲಿನಕ್ಸ್ ಈ ಪರಂಪರೆಯನ್ನು ಮುಂದುವರಿಸಿತು.

ಸಲಹೆಯಿಂದ ಕ್ರಿಯೆಗೆ

2017ರಲ್ಲಿ ಗೂಗಲ್ ಸಂಶೋಧಕರು 'ಟ್ರಾನ್ಸ್‌ಫಾರ್ಮರ್' ಎಂಬ ಹೊಸ ರಚನೆಯನ್ನು ಪ್ರಕಟಿಸಿದರು. ಅದರ ಆಧಾರದ ಮೇಲೆ ಬೃಹತ್ ಭಾಷಾ ಮಾದರಿಗಳು ಬೆಳೆದವು. ಅಪಾರ ಪಠ್ಯದಿಂದ ಕಲಿತು, ಮುಂದೆ ಯಾವ ತುಣುಕು ಬರಬಹುದೆಂದು ಊಹಿಸುತ್ತಾ ಬರೆಯುವುದು ಇವುಗಳ ಕ್ರಮ. ಕಲಿಕೆಯ ಪಠ್ಯದಲ್ಲಿ ಪ್ರೋಗ್ರಾಮುಗಳೂ ಇದ್ದುದರಿಂದ ಇವು ಪ್ರೋಗ್ರಾಮುಗಳನ್ನೂ ಬರೆಯತೊಡಗಿದವು. 2021ರ ಜೂನ್‌ನಲ್ಲಿ ಪರೀಕ್ಷೆಗೆ ಬಿಡುಗಡೆಯಾದ 'ಗಿಟ್‌ಹಬ್ ಕೋಪೈಲಟ್', ನೀವು ಬರೆಯುತ್ತಿದ್ದ ಸಾಲನ್ನು ಮುಗಿಸಿಕೊಡುತ್ತಿತ್ತು. 2022ರ ನವೆಂಬರ್ 30ರಂದು ಬಂದ ಚಾಟ್‌ಜಿಪಿಟಿ ಕೇಳಿದ ಪ್ರೋಗ್ರಾಮನ್ನು ಬರೆದು ತೋರಿಸುತ್ತಿತ್ತು. ಅದನ್ನು ನಕಲು ಮಾಡಿಕೊಂಡು ನಡೆಸಿ ನೋಡುವುದು, ದೋಷ ಬಂದರೆ ಮತ್ತೆ ಹೋಗಿ ಹೇಳುವುದು ಮನುಷ್ಯರ ಕೆಲಸವಾಗಿತ್ತು.

ಹಾಗೆ ಬರೆದದ್ದು ನಿಜವಾದ ಕೆಲಸಕ್ಕೆ ಬರುತ್ತದೆಯೇ? 2023ರಲ್ಲಿ ಪ್ರಕಟವಾದ 'ಎಸ್‌ಡಬ್ಲ್ಯುಇ-ಬೆಂಚ್' ಪರೀಕ್ಷೆಯಲ್ಲಿ 12 ಪೈಥಾನ್ ಯೋಜನೆಗಳಿಂದ ಆಯ್ದ 2,294 ನೈಜ ಸಮಸ್ಯೆಗಳಿದ್ದವು. ಆಗ ಎಲ್ಲಕ್ಕಿಂತ ಚೆನ್ನಾಗಿ ಮಾಡಿದ ಮಾದರಿ ಬಿಡಿಸಿದ್ದು ಕೇವಲ ಶೇಕಡ 1.96. ಪ್ರೋಗ್ರಾಮ್ ಬರೆಯುವವರು ಸಾಮಾನ್ಯವಾಗಿ ಒಂದೇ ಏಟಿಗೆ ಸರಿಯಾಗಿ ಬರೆಯುವುದಿಲ್ಲ. ಬರೆದು, ನಡೆಸಿ, ದೋಷ ಓದಿ, ತಿದ್ದುತ್ತಾರೆ. ಮಾದರಿಗೂ ಈ ಅವಕಾಶ ಸಿಗಬೇಕಾದರೆ ಅದಕ್ಕೆ ಬೇಕಾದದ್ದು ಆಜ್ಞೆ ಕೊಡುವ ಜಾಗ.

ಆಜ್ಞಾಸಾಲು ಅಂಥ ಜಾಗ. ಭಾಷಾ ಮಾದರಿ ತಾನಾಗಿ ಯಾವ ಕಡತವನ್ನೂ ಮುಟ್ಟಲಾರದು. ಅದು ಪಠ್ಯವನ್ನು ಮಾತ್ರ ಹೊರಡಿಸುತ್ತದೆ. ಮಧ್ಯೆ ಒಂದು ತಂತ್ರಾಂಶ ಕುಳಿತು, ಮಾದರಿ ಬರೆದ ಆಜ್ಞೆಯನ್ನು ಶೆಲ್‌ಗೆ ಕೊಡುತ್ತದೆ. ಶೆಲ್ ಕೊಟ್ಟ ಉತ್ತರವನ್ನು ಮಾದರಿಗೆ ಮರಳಿಸುತ್ತದೆ. ಮಾದರಿ ಅದನ್ನು ಓದಿ ಮುಂದಿನ ಆಜ್ಞೆ ಬರೆಯುತ್ತದೆ. ಒಳಗೆ ಪಠ್ಯ, ಹೊರಗೆ ಪಠ್ಯ. ಐವತ್ತು ವರ್ಷಗಳ ಹಿಂದೆ ಜೋಡಿಸಿದ ಕೊಳವೆಗೆ ಹೊಸ ಯಂತ್ರ ಸಲೀಸಾಗಿ ಹೊಂದಿಕೊಂಡಿತು. 2025ರ ಫೆಬ್ರುವರಿಯಲ್ಲಿ ಆಂತ್ರೊಪಿಕ್ ಸಂಸ್ಥೆಯ 'ಕ್ಲಾಡ್ ಕೋಡ್', ಏಪ್ರಿಲ್‌ನಲ್ಲಿ ಓಪನ್‌ಎಐನ 'ಕೋಡೆಕ್ಸ್ ಸಿಎಲ್ಐ', ಜೂನ್‌ನಲ್ಲಿ ಗೂಗಲ್‌ನ 'ಜೆಮಿನಿ ಸಿಎಲ್ಐ' ಹೊರಬಂದವು. 'ಸಿಎಲ್ಐ' ಎಂದರೆ ಆಜ್ಞಾಸಾಲಿನ ಮೂಲಕ ಬಳಸುವಂಥದು.

ಒಂದು ಉದಾಹರಣೆ

ಒಬ್ಬ ಶಿಕ್ಷಕಿಯ ಬಳಿ ತರಗತಿಯ ಸರಾಸರಿ ಅಂಕ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಮ್ ಇದೆ ಎಂದುಕೊಳ್ಳಿ. ಅದು ದೋಷ ತೋರಿಸಿ ನಿಂತುಬಿಡುತ್ತದೆ. 'ಇದನ್ನು ಸರಿಮಾಡು' ಎಂದು ಟರ್ಮಿನಲ್‌ನಲ್ಲಿ ಸಹಾಯಕಕ್ಕೆ ಹೇಳುತ್ತಾರೆ. ಅದು ಕಡತಗಳ ಪಟ್ಟಿ ತರಿಸಿ, ಪ್ರೋಗ್ರಾಮನ್ನು ಓದಿ, ನಡೆಸಿ ನೋಡುತ್ತದೆ. ಗೈರುಹಾಜರಾದವರ ಅಂಕದ ಜಾಗ ಖಾಲಿಯಿರುವುದೇ ಕಾರಣ ಎಂದು ಕಂಡುಹಿಡಿದು, ಖಾಲಿ ಜಾಗವನ್ನು ಸೊನ್ನೆ ಎಂದು ಎಣಿಸುವಂತೆ ತಿದ್ದುತ್ತದೆ. ಮತ್ತೆ ನಡೆಸಿದಾಗ ದೋಷವಿಲ್ಲ. 'ಸರಿಯಾಯಿತು' ಎನ್ನುತ್ತದೆ.

ನಿಜಕ್ಕೂ ಸರಿಯಾಯಿತೇ? 40 ಮಂದಿಯಲ್ಲಿ 4 ಮಂದಿ ಗೈರು, ಉಳಿದ 36 ಮಂದಿಯೂ 60 ಅಂಕ ಪಡೆದಿದ್ದಾರೆ ಎನ್ನಿ. ಬಂದವರ ಸರಾಸರಿ 60. ಸಹಾಯಕದ ಲೆಕ್ಕದಲ್ಲಿ 2,160ನ್ನು 40ರಿಂದ ಭಾಗಿಸಿ 54. ದೋಷದ ಸಂದೇಶ ಹೋಯಿತು, ಅದರ ಜಾಗದಲ್ಲಿ ಸದ್ದಿಲ್ಲದ ತಪ್ಪು ಬಂದು ಕುಳಿತಿತು. ಗೈರಾದವರನ್ನು ಎಣಿಸಬೇಕೇ ಬಿಡಬೇಕೇ ಎಂಬುದು ಕಡತದಲ್ಲಿ ಬರೆದಿರಲಿಲ್ಲ. ಅದು ಗೊತ್ತಿದ್ದದ್ದು ಶಿಕ್ಷಕಿಗೆ ಮಾತ್ರ. ಪ್ರೋಗ್ರಾಮ್ ನಿಲ್ಲದೆ ನಡೆಯುವುದೂ ಉತ್ತರ ಸರಿಯಾಗಿರುವುದೂ ಒಂದೇ ಅಲ್ಲ.

ಎಂಟರ್ ಕೀಲಿಯ ಹೊಣೆ

ಆಜ್ಞಾಸಾಲಿನ ಬಲವೇ ಅದರ ಅಪಾಯವೂ ಹೌದು. 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ 'ಟಾಯ್ ಸ್ಟೋರಿ 2' ಚಿತ್ರದ ಕಡತಗಳನ್ನು ಯಾರೋ ಕೊಟ್ಟ 'ಆರ್‌ಎಂ' ಆಜ್ಞೆ ಅಳಿಸತೊಡಗಿತು. ಚಿತ್ರದ ಬಹುಪಾಲು ಮಾಯವಾಯಿತು. ರಕ್ಷಣೆಗೆಂದು ಇಟ್ಟಿದ್ದ ನಕಲೂ ಕೈಕೊಟ್ಟಿತ್ತು. ಹಸುಗೂಸಿನ ಕಾರಣ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಅವರ ಮನೆಯಲ್ಲಿ ಒಂದು ಪ್ರತಿ ಇದ್ದುದರಿಂದ ಚಿತ್ರ ಉಳಿಯಿತು. ಅಂದು ಆಜ್ಞೆ ಕೊಟ್ಟದ್ದು ಮನುಷ್ಯರ ಕೈ. 2025ರ ಜುಲೈನಲ್ಲಿ ಇಂಥ ಒಂದು ಸಹಾಯಕವೇ, ಯಾವ ಬದಲಾವಣೆಯನ್ನೂ ಮಾಡಬಾರದೆಂದು ಹೇಳಿದ್ದರೂ, ಬಳಕೆಯಲ್ಲಿದ್ದ ದತ್ತಸಂಗ್ರಹವೊಂದನ್ನು ಅಳಿಸಿಹಾಕಿತು. ಹಿಂದಕ್ಕೆ ತರಲಾಗದು ಎಂದೂ ಹೇಳಿತು. ಪ್ರಯತ್ನಿಸಿ ನೋಡಿದಾಗ ತರಲು ಸಾಧ್ಯವಾಯಿತು!

ವೇಗದ ವಿಷಯದಲ್ಲೂ ನಮ್ಮ ಅನಿಸಿಕೆಯನ್ನು ನಂಬುವಂತಿಲ್ಲ. 2025ರ ಜುಲೈನಲ್ಲಿ 'ಮೆಟರ್' ಎಂಬ ಸಂಸ್ಥೆ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. 16 ಮಂದಿ ಅನುಭವಿಗಳು ತಮಗೆ ಚೆನ್ನಾಗಿ ಗೊತ್ತಿದ್ದ ಯೋಜನೆಗಳಲ್ಲಿ 246 ಕೆಲಸಗಳನ್ನು ಮಾಡಿದರು. ಕೃತಕ ಬುದ್ಧಿಮತ್ತೆಯ ನೆರವನ್ನು ಬಳಸಲು ಅನುಮತಿಯಿದ್ದಾಗ ಅವರಿಗೆ ಶೇಕಡ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಆದರೆ ಶೇಕಡ 20ರಷ್ಟು ಬೇಗ ಮುಗಿಸಿದೆವೆಂದು ಅವರು ಭಾವಿಸಿದ್ದರು. ಇದು ಚಿಕ್ಕ ಅಧ್ಯಯನ. 2025ರ ಆರಂಭದ ಸಾಧನಗಳ ಕುರಿತದ್ದು. ಎಲ್ಲರಿಗೂ ಎಲ್ಲ ಕೆಲಸಕ್ಕೂ ಅನ್ವಯಿಸದು. ಆದರೂ ಅನಿಸಿಕೆ ಬೇರೆ, ಅಳತೆ ಬೇರೆ ಎಂಬ ವಿಜ್ಞಾನದ ಮೊದಲ ಪಾಠವನ್ನು ಅದು ನೆನಪಿಸುತ್ತದೆ.

ಹಾಗಾದರೆ ಇವನ್ನು ದೂರವಿಡಬೇಕೇ? ಬೇಡ. ಆದರೆ ಕೆಲವು ಎಚ್ಚರಿಕೆಗಳಿರಲಿ. ಬೇರೆ ಕಡತಕೋಶದಲ್ಲಿ, ನಕಲು ಪ್ರತಿಯ ಮೇಲೆ ಕೆಲಸ ಮಾಡಿಸಿ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ 'ಗಿಟ್' ತಂತ್ರಾಂಶದಲ್ಲಿ ಪ್ರತಿ ಹಂತವನ್ನೂ ದಾಖಲಿಸಿಡಿ, ತಪ್ಪಾದರೆ ಹಿಂದಿನ ಹಂತಕ್ಕೆ ಮರಳಬಹುದು. ಆಜ್ಞೆ ನಡೆಸುವ ಮುನ್ನ ಅನುಮತಿ ಕೇಳುವ ಏರ್ಪಾಡು ಇಂಥ ಸಹಾಯಕಗಳಲ್ಲಿ ಇರುತ್ತದೆ, ಬೇಸರಪಟ್ಟು ಅದನ್ನು ತೆಗೆದುಹಾಕಬೇಡಿ. ಮಾದರಿ ಸಾಮಾನ್ಯವಾಗಿ ಇರುವುದು ದೂರದ ಕಂಪ್ಯೂಟರಿನಲ್ಲಿ. ನೀವು ಓದಲು ಕೊಟ್ಟ ಕಡತ ಅಂತರಜಾಲದ ಮೂಲಕ ಅಲ್ಲಿಗೆ ಹೋಗುತ್ತದೆ. ಆದ್ದರಿಂದ ಮಕ್ಕಳ ಹೆಸರು, ವಿಳಾಸಗಳನ್ನು ಅದಕ್ಕೆ ಕೊಡಬೇಡಿ.

ಶಿಕ್ಷಕರಿಗೆ ಒಂದು ಸಲಹೆ. ಸಹಾಯಕವನ್ನು ಪರಿಚಯಿಸುವ ಮೊದಲು ಹತ್ತು ಹನ್ನೆರಡು ಆಜ್ಞೆಗಳನ್ನು ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಿ. ಪರೀಕ್ಷೆಗೆಂದು ಮಾಡಿದ ಒಂದು ಕಡತವನ್ನು ಅವರೇ 'ಆರ್‌ಎಂ' ಆಜ್ಞೆಯಿಂದ ಅಳಿಸಿ, ಅದು ಮರಳುವುದಿಲ್ಲವೆಂದು ಕಣ್ಣಾರೆ ನೋಡಲಿ. ಆಮೇಲೆ ಸಹಾಯಕ ಬರೆದ ಆಜ್ಞೆಯನ್ನು ಮುಂದಿಟ್ಟು, 'ಇದು ಏನು ಮಾಡುತ್ತದೆ?' ಎಂದು ಕೇಳಿ. ಉತ್ತರ ಹೇಳಬಲ್ಲ ವಿದ್ಯಾರ್ಥಿಗೆ ಸಹಾಯಕದಿಂದ ನಿಜವಾದ ಸಹಾಯ ಸಿಗುತ್ತದೆ. ಹೇಳಲಾಗದಿದ್ದರೆ, ಆ ಆಜ್ಞೆಯನ್ನು ನಡೆಸುವ ಸಮಯ ಇನ್ನೂ ಬಂದಿಲ್ಲ ಎಂದು ತಿಳಿಯಬೇಕು.